ರೀಲು ಹಾಕೋ ಕ್ಯಾಮೆರಾ ಎಲ್ಲಿಗೆ ಹೋಯ್ತು?

ಭಾಗ 1

ರೀಲ್ ಅಂದ್ರೆ ನಮಗೆ ಅರ್ಧ ನಿಮಿಷದ ವಿಡಿಯೋ. ನಮ್ಮ ಅಪ್ಪ-ಅಮ್ಮನ ಕಾಲದಲ್ಲಿ ಚಾಮರಾಜನಗರದಲ್ಲಾಗಲಿ, ಗುಂಡ್ಲುಪೇಟೆಯಲ್ಲಾಗಲಿ ರೀಲ್ ಅಂದ್ರೆ ಕ್ಯಾಮೆರಾಗೆ ಹಾಕೋ ಫಿಲಂ ಸುರುಳಿ. "ರೀಲ್ ಖಾಲಿ ಆಯ್ತು" ಅಂತ ಫೋಟೋದವನು ಅಂದ್ರೆ ಮದುವೆ ಮನೇಲಿ ಎಲ್ಲರ ಮುಖ ಸಪ್ಪೆ.

ಹೋದ ಪೋಸ್ಟಿಗೆ ಕ್ಲಾಸಿನವರು ಸುಮಾರು ಜನ ಒಂದೇ ಪ್ರಶ್ನೆ ಕೇಳಿದ್ರಿ: ಡಿಜಿಟಲ್‌ಗೆ ಬಂದ ಫೋಟೋಗ್ರಾಫರ್‌ಗಳು ಈಗ್ಲೂ ಫಿಲಂ ಹಾಕ್ತಾರಾ?

ನಮ್ಮ ಜಿಲ್ಲೆಯಲ್ಲಿ ಹೊಟ್ಟೆಪಾಡಿಗೆ ಫಿಲಂ ಹಾಕೋರನ್ನ ನಾನಂತೂ ಕಂಡಿಲ್ಲ. ಆಸೆಗೆ ಹಾಕೋರು ಬೆಂಗಳೂರು, ಮೈಸೂರಲ್ಲಿ ಇದ್ದಾರೆ. ಇಷ್ಟಕ್ಕೇ ಉತ್ತರ ಮುಗೀಬಹುದಿತ್ತು. ಆದ್ರೆ "ಡಿಜಿಟಲ್ ಬಂತು, ಫಿಲಂ ಸತ್ತೋಯ್ತು" ಅಂತ ಎಲ್ಲರೂ ಹೇಳೋ ಕತೆ ಇದ್ಯಲ್ಲ, ಅದು ಅರ್ಧ ಮಾತ್ರ ನಿಜ. ನಮ್ಮಂಥ ಊರುಗಳ ಸ್ಟುಡಿಯೋ ಡಾರ್ಕ್‌ರೂಮಿಗೆ ಮೊದಲು ಬೀಗ ಹಾಕಿಸಿದ್ದು ಡಿಜಿಟಲ್ ಅಲ್ಲ ಕಣ್ರಪ್ಪ, ಕಲರ್. ಅದೂ ಡಿಜಿಟಲ್ ಬರೋಕೆ ಎಷ್ಟೋ ವರ್ಷ ಮುಂಚೆ.

ಭಾಗ 2

ಕಪ್ಪು-ಬಿಳುಪು ಕಾಲದಲ್ಲಿ ಸ್ಟುಡಿಯೋ ಅಂದ್ರೆ ಎರಡು ಕೋಣೆ. ಮುಂದಿನದ್ರಲ್ಲಿ ಪರದೆ, ಸ್ಟೂಲು, ಎರಡು ದೊಡ್ಡ ಲೈಟು, ಗೋಡೆಗೊಂದು ಕನ್ನಡಿ, ಬಾಚಣಿಗೆ. ಹಿಂದಿನದು ಡಾರ್ಕ್‌ರೂಮ್. ಫೋಟೋ ತೆಗೆಯೋನೇ ತೊಳೆಯೋನು, ತೊಳೆಯೋನೇ ಪ್ರಿಂಟ್ ಹಾಕೋನು.

"ತೊಳೆಯೋದು" ಅನ್ನೋ ಮಾತು ಈಗ್ಲೂ ನಮ್ಮ ಹಿರಿಯರ ಬಾಯಲ್ಲಿದೆ: ಫೋಟೋ ತೊಳೆಸ್ಕೊಂಡು ಬಾ ಅಂತಾರೆ. ಕೆಲಸ ನಿಜವಾಗಲೂ ಹಾಗೇ ಇತ್ತು. ಫಿಲಂ ಮೇಲೆ ಬೆಳ್ಳಿಯ ಲವಣದ ತೆಳುವಾದ ಪದರ ಇರುತ್ತೆ. ಬೆಳಕು ಬಿದ್ದ ಕಡೆ ಅದು ಬದಲಾಗುತ್ತೆ, ಆದ್ರೆ ಕಣ್ಣಿಗೆ ಕಾಣಲ್ಲ. ಕತ್ತಲಲ್ಲಿ ಡೆವಲಪರ್ ದ್ರಾವಣಕ್ಕೆ ಹಾಕಿದಾಗ ಬೆಳಕು ಬಿದ್ದ ಜಾಗ ಕಪ್ಪು ಬೆಳ್ಳಿಯಾಗಿ ಮೂಡುತ್ತೆ. ಆಮೇಲೆ ಫಿಕ್ಸರ್ (ನಮ್ಮಲ್ಲಿ ಹೈಪೋ ಅಂತಿದ್ರು) ಉಳಿದ ಬೆಳ್ಳಿ ಲವಣವನ್ನ ಕರಗಿಸಿ ತೆಗೆಯುತ್ತೆ. ಕೊನೆಗೆ ಚೆನ್ನಾಗಿ ನೀರಲ್ಲಿ ತೊಳೆದು ಕ್ಲಿಪ್ ಹಾಕಿ ನೇತುಹಾಕೋದು.

ಡೆವಲಪರ್ ಸುಮಾರು 20 ಡಿಗ್ರಿ ಇರಬೇಕು ಅಂತ ಪ್ಯಾಕೆಟ್ ಮೇಲೆ ಬರೆದಿರ್ತಿತ್ತು. ಏಪ್ರಿಲ್‌ನಲ್ಲಿ ಚಾಮರಾಜನಗರದ ನಲ್ಲಿ ನೀರು 20 ಡಿಗ್ರಿ ಎಲ್ಲಿಂದ ತರೋದು? ಐಸ್ ಹಾಕಬೇಕು, ಇಲ್ಲಾ ರಾತ್ರಿ ಮಡಕೇಲಿಟ್ಟ ನೀರಲ್ಲಿ ಮಾಡಬೇಕು, ಇಲ್ಲಾಂದ್ರೆ ಹೊತ್ತು ಕಮ್ಮಿ ಮಾಡಬೇಕು. ಈ ಲೆಕ್ಕ ಕೈ ಅಂದಾಜಲ್ಲಿ ಇರಬೇಕಿತ್ತು. ಇನ್ನು ನೆಗೆಟಿವ್ ಮೇಲೆ ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಲ್ಲಿ ಮೊಡವೆ ಕಲೆ, ಸುಕ್ಕು ಮುಚ್ಚೋರು. ನಾವು ಈಗ ಫಿಲ್ಟರ್ ಅಂತೀವಲ್ಲ, ಅದೇ. ಒಂದು ಮುಖಕ್ಕೆ ಎಷ್ಟೋ ಹೊತ್ತು ಬೇಕಿತ್ತು ಅಷ್ಟೇ.

ಭಾಗ 3

ಈ ಫಿಲಂ ಎಲ್ಲಿಂದ ಬರ್ತಿತ್ತು? ಒಂದಷ್ಟು ಹೊರದೇಶದಿಂದ. ಒಂದಷ್ಟು ನಮ್ಮ ಪಕ್ಕದಿಂದಲೇ!

ಗುಂಡ್ಲುಪೇಟೆಯಿಂದ ಊಟಿ ರೋಡ್ ಹಿಡೀರಿ. ಬಂಡೀಪುರ, ಮುದುಮಲೆ ಕಾಡು ದಾಟಿ ಘಾಟಿ ಹತ್ತಿದ್ರೆ ನೂರು ಕಿಲೋಮೀಟರಿನ ಒಳಗೇ ಊಟಿಯ ಇಂದುನಗರ. ಅಲ್ಲಿತ್ತು ಹಿಂದೂಸ್ತಾನ್ ಫೋಟೋ ಫಿಲ್ಮ್ಸ್, ಕೇಂದ್ರ ಸರ್ಕಾರದ ಕಾರ್ಖಾನೆ. 1960ರಲ್ಲಿ ಕಂಪನಿ ಶುರುವಾಯ್ತು, 1967ರಲ್ಲಿ ಉತ್ಪಾದನೆ. ಡಬ್ಬಿ ಮೇಲೆ ಬ್ರ್ಯಾಂಡ್ ಹೆಸರು: "ಇಂದು". ಇಂದು ಅಂದ್ರೆ ಚಂದ್ರ. ಬೆಳ್ಳಿಯಿಂದ ಮಾಡೋ ವಸ್ತುವಿಗೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ? ಕನ್ನಡದಲ್ಲಿ ಇನ್ನೊಂದು ಅರ್ಥನೂ ಇದೆ, "ಈ ದಿನ". ಫೋಟೋಗೆ ಅದೂ ಒಪ್ಪುತ್ತೆ.

ಫಿಲಂ ಕಾರ್ಖಾನೆಗೆ ಧೂಳಿಲ್ಲದ ಗಾಳಿ, ತಣ್ಣನೆ ಹವೆ ಬೇಕು. ಊಟಿ ಅದಕ್ಕೆ ಸರಿಯಾದ ಜಾಗ. ಕಪ್ಪು-ಬಿಳುಪು ಫಿಲಂ, ಪ್ರಿಂಟ್ ಹಾಕೋ ಪೇಪರ್, ಮುಖ್ಯವಾಗಿ ಆಸ್ಪತ್ರೆಗಳ ಎಕ್ಸ್‌-ರೇ ಫಿಲಂ ಅಲ್ಲಿಂದ ದೇಶಕ್ಕೆಲ್ಲ ಹೋಗ್ತಿತ್ತು. ನಿಮ್ಮನೇಲಿ ಯಾರದ್ದಾದ್ರೂ ಮುರಿದ ಕೈಯ ಹಳೇ ಎಕ್ಸ್‌-ರೇ ಇದ್ರೆ ಅದು ಇದೇ ಕಾರ್ಖಾನೆಯದ್ದಾಗಿರಬಹುದು.

ಕಾರ್ಖಾನೆಯ ಬಲ ಇದ್ದದ್ದು ಕಪ್ಪು-ಬಿಳುಪಿನಲ್ಲಿ. ಜನ ಕಲರ್ ಕೇಳೋಕೆ ಶುರು ಮಾಡಿದ್ರು. 1991ರ ನಂತರ ಹೊರಗಿನ ಮಾಲು ಸಲೀಸಾಗಿ ಒಳಗೆ ಬಂತು. 90ರ ದಶಕದಲ್ಲೇ ಇದು ರೋಗಗ್ರಸ್ತ ಕಂಪನಿಗಳ ಪಟ್ಟಿ ಸೇರಿತು. ಗಮನಿಸಿ, ಆಗಿನ್ನೂ ನಮ್ಮ ಕಡೆ ಯಾರ ಕೈಲೂ ಡಿಜಿಟಲ್ ಕ್ಯಾಮೆರಾ ಇರಲಿಲ್ಲ. 2010ರ ದಶಕ ಮುಗಿಯೋ ಹೊತ್ತಿಗೆ ಕಾರ್ಖಾನೆ ಪೂರ್ತಿ ಮುಚ್ಚಿತ್ತು.

ಊಟಿಗೆ ಟ್ರಿಪ್ ಹೋದಾಗ ಬೊಟಾನಿಕಲ್ ಗಾರ್ಡನ್ ಮುಂದೆ ಇನ್ನೂರು ಫೋಟೋ ಹೊಡೀತೀವಿ. ಅದೇ ಊರಲ್ಲಿ ಫಿಲಂ ತಯಾರಾಗ್ತಿತ್ತು ಅಂತ ನಮ್ಮ ಬ್ಯಾಚಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು, ಹೇಳಿ?

ಭಾಗ 4

ಈಗ ಕಲರ್ ಕತೆಗೆ ಬರೋಣ. ಕಲರ್ ನೆಗೆಟಿವ್ ತೊಳೆಯೋ ಕ್ರಮಕ್ಕೆ ಸಿ-41 ಅಂತಾರೆ, 1972ರಲ್ಲಿ ಕೊಡಾಕ್ ತಂದದ್ದು. ಡೆವಲಪರ್ 37.8 ಡಿಗ್ರಿ, 3 ನಿಮಿಷ 15 ಸೆಕೆಂಡ್. ಅರ್ಧ ಡಿಗ್ರಿ ಆಚೀಚೆ ಆದ್ರೆ ಬಣ್ಣ ಕೆಡುತ್ತೆ. ಮಡಕೆ ನೀರು, ಕೈ ಅಂದಾಜು ಇಲ್ಲಿ ನಡೆಯಲ್ಲ, ಮೆಷಿನ್ನೇ ಬೇಕು. ಆ ಮೆಷಿನ್ ಬೆಲೆ ಸಣ್ಣ ಊರಿನ ಸ್ಟುಡಿಯೋಗೆ ಎಟುಕೋದಲ್ಲ. ಹಾಗಾಗಿ ರೀಲನ್ನ ಡಬ್ಬಿಗೆ ಹಾಕಿ ಮೈಸೂರಿನಂಥ ದೊಡ್ಡ ಊರಿನ ಕಲರ್ ಲ್ಯಾಬಿಗೆ ಕಳಿಸೋದು, ಪ್ರಿಂಟ್ ವಾಪಸ್ ಬರೋವರೆಗೂ ಕಾಯೋದು.

ಒಳ್ಳೇದೇ ಆಯ್ತು ಅನ್ನಿಸಬಹುದು. ಕೆಲಸ ಹಗುರ ಆಯ್ತು, ಸೀರೆ ಬಣ್ಣ ಫೋಟೋದಲ್ಲಿ ಕಂಡಿತು. ಆದ್ರೆ ಅವತ್ತಿಂದ ಸ್ಟುಡಿಯೋದವರ ಕೈಲಿ ಉಳಿದದ್ದು ಶಟರ್ ಒತ್ತೋ ಅರ್ಧ ಕೆಲಸ. ಇನ್ನರ್ಧ ಲ್ಯಾಬಿನ ಪಾಲು. ಹಿಂದಿನ ಕೋಣೆ ಹಳೇ ಪರದೆ, ಮುರಿದ ಸ್ಟ್ಯಾಂಡ್ ತುಂಬೋ ಗೋಡೌನ್ ಆಯ್ತು.

ಒಂದು ರೀಲಿಗೆ 36 ಫೋಟೋ. ಹುಷಾರಾಗಿ ಸುತ್ತಿದ್ರೆ 37, ಅದೃಷ್ಟ ಇದ್ರೆ 38. ಮದುವೆಗೆ ಇಷ್ಟೇ ರೀಲು ಅಂತ ಮುಂಚೆನೇ ಮಾತಾಗಿರ್ತಿತ್ತು. ಧಾರೆಗೆ ಇಷ್ಟು, ಆರತಕ್ಷತೆಗೆ ಇಷ್ಟು, ಊಟದ ಪಂಕ್ತಿಗೆ ಎರಡು. "ನಮ್ಮದೊಂದು ತೆಗೀರಿ" ಅಂತ ಗಂಟುಬೀಳೋ ದೂರದ ನೆಂಟರಿಗೆ ಬರೀ ಫ್ಲ್ಯಾಶ್ ಹೊಡೆದು ಕಳಿಸೋ ಉಪಾಯ ಆ ಕಾಲದ ಮದುವೆ ಮನೇಲಿ ಓಡಾಡಿದ ಎಲ್ಲರಿಗೂ ಗೊತ್ತು. ಆಲ್ಬಂ ಬಂದ ಮೇಲೆ "ನಮ್ ಫೋಟೋ ಎಲ್ಲಿ?" ಅಂತ ಜಗಳ.

ಮುಂದಿನದು ಗೊತ್ತಿರೋದೇ. 1975ರಲ್ಲಿ ಕೊಡಾಕ್‌ನ ಎಂಜಿನಿಯರ್ ಸ್ಟೀವನ್ ಸಾಸನ್ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾ ಒಂದು ಫೋಟೋನ ಕ್ಯಾಸೆಟ್ಟಿಗೆ ಇಳಿಸೋಕೆ 23 ಸೆಕೆಂಡ್ ತಗೊಂಡಿತ್ತು. 2006ರ ಜನವರಿಯಲ್ಲಿ ನಿಕಾನ್ ತನ್ನ ಬಹುಪಾಲು ಫಿಲಂ ಕ್ಯಾಮೆರಾ ನಿಲ್ಲಿಸ್ತೀನಿ ಅಂತು. ಅದೇ ತಿಂಗಳು ಕೊನಿಕಾ ಮಿನೋಲ್ಟಾ ಫೋಟೋ ವ್ಯಾಪಾರವನ್ನೇ ಬಿಡ್ತೀನಿ ಅಂತು. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು.

ಡಾರ್ಕ್‌ರೂಮ್ ಇನ್ನೂ ಓಡ್ತಿದ್ದಿದ್ರೆ ನಮ್ಮೂರ ಸ್ಟುಡಿಯೋದವರಿಗೆ ಫಿಲಂ ಬಿಡೋದು ಕಷ್ಟ ಆಗ್ತಿತ್ತೇನೋ. ಅದು ಆಗ್ಲೇ ಕೈಬಿಟ್ಟಿತ್ತು. ರೀಲಿನ ಕಾಸು ಉಳೀತು, ಬಸ್ಸಿಗೆ ಕಾಯೋದು ತಪ್ಪಿತು. ಯಾಕೆ ವಾಪಸ್ ಹೋಗ್ತಾರೆ?

ಭಾಗ 5

ಕಾಡಿನ ಫೋಟೋದವರ ಕತೆ ವಸಿ ಬೇರೆ.

ನಮ್ಮ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ವೀರಪ್ಪನ್ ಬಂಡೀಪುರದಿಂದ ಮೈಸೂರಿನ ಕೃಪಾಕರ-ಸೇನಾನಿಯವರನ್ನ ಅಪಹರಿಸಿ, 14 ದಿನ ಕಾಡಲ್ಲಿ ಇಟ್ಕೊಂಡಿದ್ದ. ಇಬ್ಬರೂ ಆಗಲೇ ಹೆಸರಾದ ವನ್ಯಜೀವಿ ಛಾಯಾಗ್ರಾಹಕರು, ಅದು ಫಿಲಂ ಕಾಲ. ಆಮೇಲೆ ಅವರು ಚಲನಚಿತ್ರದ ಕಡೆ ಹೊರಳಿ, ಕೆನ್ನಾಯಿಗಳ ಮೇಲೆ ಮಾಡಿದ "ದಿ ಪ್ಯಾಕ್" 2010ರಲ್ಲಿ ಹಸಿರು ಆಸ್ಕರ್ ಅಂತ ಕರೆಯೋ ವೈಲ್ಡ್‌ಸ್ಕ್ರೀನ್ ಪ್ರಶಸ್ತಿ ಗೆದ್ದಿತು.

ಆಗಿನ ಸ್ಲೈಡ್ ಫಿಲಂಗಳ ಐಎಸ್‌ಒ 50, 64, 100. ಹುಲಿ ಕಾಣೋದು ಬೆಳಕು ಹರಿಯೋವಾಗ, ಇಲ್ಲಾ ಮುಳುಗೋವಾಗ, ಅದೂ ಬಿದಿರು ಮೆಳೆ ನೆರಳಲ್ಲಿ. ಅಷ್ಟು ನಿಧಾನದ ಫಿಲಂನಲ್ಲಿ ಹುಲಿ ಒಂದು ಹೆಜ್ಜೆ ಇಟ್ರೆ ಚಿತ್ರ ಮಸುಕು. ಮದುವೆ ಫೋಟೋದವರು ಕಾಸಿಗಾಗಿ ಡಿಜಿಟಲ್‌ಗೆ ಬಂದ್ರು. ಕಾಡಿನವರು ಬಂದದ್ದು ಕತ್ತಲಲ್ಲೂ ಚಿತ್ರ ಸಿಗುತ್ತೆ ಅಂತ. ಅವರು ಫಿಲಂಗೆ ವಾಪಸ್ ಹೋಗೋ ಮಾತು ಇನ್ನೂ ದೂರ.

ಹುಲಿ ಎಣಿಸೋರಿಗಂತೂ ಇದು ಬೇರೆ ಲೋಕವೇ. ಡಾ. ಉಲ್ಲಾಸ ಕಾರಂತರು 90ರ ದಶಕದ ಶುರುವಿನಲ್ಲಿ ಬಂಡೀಪುರದ ಪಕ್ಕದ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಪಟ್ಟೆ ನೋಡಿ ಹುಲಿ ಗುರುತಿಸೋ ಕೆಲಸ ಶುರು ಮಾಡಿದ್ರು, 1995ರಲ್ಲಿ ಅದರ ಪ್ರಬಂಧ ಬಂತು. ಹುಲಿಯ ಎಡ ಬಲ ಪಟ್ಟೆ ಒಂದೇ ಥರ ಇರಲ್ಲ, ಹಾಗಾಗಿ ದಾರಿಯ ಎರಡೂ ಬದಿ ಕ್ಯಾಮೆರಾ ಬೇಕು. ಒಳಗೆ ಅದೇ 36ರ ರೀಲು. ಜಿಂಕೆ ಹಿಂಡು ಒಂದು ಹಾದು ಹೋದ್ರೆ ಸಾಕು, ರೀಲ್ ಖಾಲಿ. ಆಮೇಲೆ ಹುಲಿ ಬಂದ್ರೂ ಲೆಕ್ಕಕ್ಕಿಲ್ಲ. ದೇಶದ 2018ರ ಹುಲಿ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಟ್ಟು ತೆಗೆದದ್ದು ಮೂರೂವರೆ ಕೋಟಿ ಫೋಟೋ ಹತ್ತಿರ. ಹುಲಿ ಕಂಡದ್ದು 76,651ರಲ್ಲಿ. ಅಷ್ಟನ್ನೂ ರೀಲಲ್ಲಿ ತೆಗೆದಿದ್ರೆ ಎಷ್ಟು ರೀಲು ಬೇಕಿತ್ತು? 36ರಿಂದ ಭಾಗಿಸಿ ನೋಡಿ.

ಭಾಗ 6

ಈಗ ನನಗೆ ನಿಜವಾಗಲೂ ತಲೆ ತಿನ್ನೋ ವಿಷಯ.

ಚಾಮರಾಜೇಶ್ವರ ದೇವಸ್ಥಾನ 1826ರದ್ದು, ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ್ದು. ಅದರ ತೇರು ಆಷಾಢದಲ್ಲಿ. ಹೊಸದಾಗಿ ಮದುವೆಯಾದ ಹೆಣ್ಣು ಆಷಾಢಕ್ಕೆ ತವರಿಗೆ ಹೋಗಿರ್ತಾಳೆ. ತೇರಿನ ದಿನ ಗಂಡ ಹೆಂಡತಿ ಇಬ್ಬರೂ ಬಂದು ಹಣ್ಣು-ಜವನ ಎಸೀತಾರೆ. ಹಂಗೇ ಒಂದು ಫೋಟೋ. ನಮ್ಮನೆ ಆಲ್ಬಂನಲ್ಲೂ ಅಂಥದ್ದೊಂದಿದೆ. ಅಪ್ಪ ಅಮ್ಮ ನಿಂತಿದ್ದಾರೆ, ಹಿಂದೆ ಅರ್ಧ ಕಾಣೋ ತೇರಿನ ಚಕ್ರ.

2017ರಲ್ಲಿ ಆ ತೇರಿಗೆ ಬೆಂಕಿ ಹಚ್ಚಿದ್ರು. ಹೊಸ ತೇರು ಎಳೆದದ್ದು 2022ರಲ್ಲಿ. ನಡುವೆ ಐದು ವರ್ಷ ತೇರೇ ಇಲ್ಲ. ಹಳೇ ತೇರಿನ ಮರದ ಕೆತ್ತನೆ ಹೇಗಿತ್ತು ಅಂತ ನೋಡಬೇಕಂದ್ರೆ ಈಗ ಫೋಟೋಗಳೇ ಗತಿ. ಅದರಲ್ಲಿ ಎಷ್ಟೋ ವರ್ಷದ್ದು ಇರೋದು ಬರೀ ನೆಗೆಟಿವ್‌ನಲ್ಲಿ, ಯಾವುದೋ ಸ್ಟುಡಿಯೋದ ಅಟ್ಟದಲ್ಲಿ, ಯಾರದೋ ಮನೆ ಟ್ರಂಕಿನಲ್ಲಿ. ಮಗ ಮೊಬೈಲ್ ಅಂಗಡಿ ಹಾಕ್ತಾನೆ, ಸ್ಟುಡಿಯೋ ಖಾಲಿ ಮಾಡ್ತಾರೆ, ಡಬ್ಬಿಗಳು ಗುಜರಿಗೆ.

ನಮ್ಮ ಬ್ಯಾಚಿನ ಕತೆ ಇನ್ನೂ ವಿಚಿತ್ರ. ನಾವು ಹುಟ್ಟಿದ್ದು ಫಿಲಂ ಹೋಗಿ ಡಿಜಿಟಲ್ ಬರೋ ಸಂದಿಯಲ್ಲಿ. ನಿಮ್ಮ ನಾಮಕರಣದ ಫೋಟೋ ಸಿಡಿಯಲ್ಲಿದ್ರೆ ಇವತ್ತೇ ಹಾಕಿ ನೋಡಿ, ಓದುತ್ತಾ ಅಂತ (ಮೊದಲು ಸಿಡಿ ಡ್ರೈವ್ ಇರೋ ಕಂಪ್ಯೂಟರ್ ಹುಡುಕಿ!). ನಿಮ್ಮ ಅಜ್ಜಿಯ 1975ರ ನೆಗೆಟಿವ್‌ಗೆ ಯಾವ ಡ್ರೈವೂ ಬೇಡ, ಕಿಟಕಿಗೆ ಹಿಡಿದ್ರೆ ಕಾಣುತ್ತೆ.

ಭಾಗ 7

ಹಾಗಾದ್ರೆ ಈಗ ಗುಂಡ್ಲುಪೇಟೆಯಲ್ಲಿ ಕೂತು ಫಿಲಂ ಹಾಕಬಹುದಾ? ಹಾಕಬಹುದು. ಕೊಡಾಕ್ 2018ರಲ್ಲಿ ಎಕ್ಟಾಕ್ರೋಮ್ ಸ್ಲೈಡ್ ಫಿಲಂನ ವಾಪಸ್ ತಂದಿದೆ, ಇಂಗ್ಲೆಂಡಿನಲ್ಲಿ ಇಲ್ಫರ್ಡ್ ಕಪ್ಪು-ಬಿಳುಪು ಫಿಲಂ ಮಾಡ್ತಾನೇ ಇದೆ. ಕಲರ್ ಆದ್ರೆ ತೊಳೆಯೋಕೆ ಬೆಂಗಳೂರಿಗೆ ಕೊರಿಯರ್ ಮಾಡೋದೇ ಸಲೀಸು. ಕಪ್ಪು-ಬಿಳುಪು ಆದ್ರೆ ಮನೆ ಬಚ್ಚಲಲ್ಲೇ ತೊಳೀಬಹುದು: ಒಂದು ಟ್ಯಾಂಕು, ಡೆವಲಪರ್, ಫಿಕ್ಸರ್, ಐಸ್. ತಿರುಗಾ ಅದೇ ಮಡಕೆ ಲೆಕ್ಕ. ಸೂರ್ಯಕಾಂತಿ ಹೊಲದಲ್ಲಿ ನಿಲ್ಲೋಕೆ ದುಡ್ಡು ಕೊಡ್ತೀರಲ್ಲ, ಅಲ್ಲಿ 36ರಲ್ಲಿ ಮುಗಿಸಿ ನೋಡಿ, ತಮಾಷೆ ಗೊತ್ತಾಗುತ್ತೆ.

ಆದ್ರೆ ಹೊಸ ರೀಲಿಗೆ ದುಡ್ಡು ಹಾಕೋ ಮೊದಲು ಮನೇಲಿರೋ ಹಳೇ ನೆಗೆಟಿವ್ ತೆಗೀರಿ ಅಂತ ನನ್ನ ಮಾತು. ಅಂಚು ಹಿಡೀರಿ, ಮಧ್ಯ ಮುಟ್ಟಬೇಡಿ, ಒದ್ದೆ ಬಟ್ಟೇಲಿ ಒರೆಸಲೇಬೇಡಿ. ಹುಳಿ ಹುಳಿ ವಿನಿಗರ್ ವಾಸನೆ ಬಂದ್ರೆ ಫಿಲಂ ಕೊಳೀತಿದೆ ಅಂತ ಅರ್ಥ, ಅದನ್ನ ಮೊದಲು ಬೇರೆ ಇಡಿ, ಮೊದಲು ಸ್ಕ್ಯಾನ್ ಮಾಡಿ. ಪ್ಲಾಸ್ಟಿಕ್ ಕವರ್ ಬೇಡ, ಪೇಪರ್ ಕವರ್, ಒಣಗಿದ ಜಾಗ.

ಸ್ಕ್ಯಾನರ್ ಇಲ್ವಾ? ಒಂದು ಫೋನಲ್ಲಿ ಬೆಳ್ಳಗಿನ ಸ್ಕ್ರೀನ್ ಹಾಕಿ, ಅದರ ಮೇಲೆ ಬಟರ್ ಪೇಪರ್, ಅದರ ಮೇಲೆ ನೆಗೆಟಿವ್. ಇನ್ನೊಂದು ಫೋನಲ್ಲಿ ನೇರ ಮೇಲಿಂದ ಫೋಟೋ ತೆಗೆದು ಬಣ್ಣ ತಿರುಗಿಸಿ. ಅಕ್ಷರ ಉಲ್ಟಾ ಕಂಡ್ರೆ ನೆಗೆಟಿವ್ ಮಗುಚಿ ಹಾಕಿ.

2017ರ ಮುಂಚಿನ ತೇರು ಯಾವುದರಲ್ಲಾದ್ರೂ ಕಂಡ್ರೆ, ಅರ್ಧ ಚಕ್ರನೇ ಆಗಿರಲಿ, ಡಿಎಂ ಮಾಡಿ. ಯಾವ ವರ್ಷದ್ದು ಅಂತ ಮನೇಲಿ ಕೇಳಿ ಬರೀರಿ. ನೆಗೆಟಿವ್ ನಿಮ್ಮ ಹತ್ರನೇ ಇರಲಿ, ನನಗೆ ಚಿತ್ರ ಸಾಕು.

#ಚಾಮರಾಜನಗರ #ಗುಂಡ್ಲುಪೇಟೆ #ರೀಲ್‌ಕ್ಯಾಮೆರಾ #ಹಳೇತೇರು