ಯೆಹೂದ್ಯರಲ್ಲಿ ಗುರುವಿನ ಪುಣ್ಯತಿಥಿ

ಅಗಲಿದ ಹಿರಿಯರನ್ನು ವರ್ಷಕ್ಕೊಮ್ಮೆ ನೆನೆಯುವ ಪದ್ಧತಿ ಅನೇಕ ಸಮಾಜಗಳಲ್ಲಿದೆ. ಯೆಹೂದ್ಯರು ತಂದೆತಾಯಿಯರ ಮರಣದಿನದಂದು 24 ಗಂಟೆ ಉರಿಯುವ ದೀಪವನ್ನು ಹಚ್ಚುತ್ತಾರೆ. ‘ಕದ್ದಿಶ್’ ಎಂಬ ದೇವಸ್ತುತಿಯನ್ನು ಪಠಿಸುತ್ತಾರೆ. ‘ಮಿಷ್ನಾ’ ಎಂಬ ಧರ್ಮಗ್ರಂಥವನ್ನು ಓದುತ್ತಾರೆ. ಹೀಬ್ರೂ ಲಿಪಿಯಲ್ಲಿ ‘ಮಿಷ್ನಾ’ ಎಂಬುದಕ್ಕೂ ಆತ್ಮ ಎಂಬರ್ಥದ ‘ನೆಶಾಮಾ’ ಎಂಬುದಕ್ಕೂ ಅವೇ ನಾಲ್ಕು ಅಕ್ಷರಗಳು. ಸ್ವಾಧ್ಯಾಯವೇ ಆತ್ಮಕ್ಕೆ ಸಲ್ಲುವ ಕಾಣಿಕೆಯೆಂದು ಅವರು ಭಾವಿಸಿರುವುದಕ್ಕೆ ಇದೂ ಒಂದು ಕಾರಣ. ಆ ದಿನ ಉಪವಾಸವಿರುವ ಹಳೆಯ ವಾಡಿಕೆಯೂ ಕೆಲವರಲ್ಲಿ ಉಂಟು.

ಆದರೆ ಮಹಾಜ್ಞಾನಿಯಾದ ಗುರುವಿನ ಪುಣ್ಯತಿಥಿಯ ಸ್ವರೂಪವೇ ಬೇರೆ. ಅದು ಶೋಕದ ದಿನವಲ್ಲ, ಉತ್ಸವದ ದಿನ. ಅದಕ್ಕೆ ‘ಹಿಲ್ಲೂಲಾ’ ಎಂದು ಹೆಸರು. ಅರಮಾಯಿಕ್ ಭಾಷೆಯ ಈ ಪದಕ್ಕೆ ವಿವಾಹೋತ್ಸವ ಎಂದರ್ಥ. ಗುರುವಿನ ಆತ್ಮವು ದೇಹಬಂಧನವನ್ನು ಕಳಚಿ ತನ್ನ ಮೂಲವನ್ನು ಕೂಡಿಕೊಂಡ ದಿನವು ಮದುವೆಯ ದಿನದಷ್ಟೇ ಮಂಗಳಕರವೆಂಬುದು ಇದರ ತಾತ್ಪರ್ಯ.

ಇಂತಹ ಉತ್ಸವಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ರಬ್ಬಿ ಶಿಮೋನ್ ಬಾರ್ ಯೋಹಾಯ್ ಅವರದು. ಅವರು ಕ್ರಿ.ಶ. 2ನೆಯ ಶತಮಾನದವರು. ಉತ್ತರ ಇಸ್ರೇಲಿನ ಮೆರೋನ್ ಬೆಟ್ಟದ ತಪ್ಪಲಿನಲ್ಲಿ ಅವರ ಸಮಾಧಿಯಿದೆಯೆಂಬ ನಂಬಿಕೆಯಿಂದ, ವಸಂತಕಾಲದ ‘ಲಾಗ್ ಬ ಓಮರ್’ ದಿನ ಅಲ್ಲಿಗೆ ಲಕ್ಷಾಂತರ ಭಕ್ತರು ಬರುವ ರೂಢಿ ಬೆಳೆಯಿತು. ಇರುಳಿನಲ್ಲಿ ದೊಡ್ಡ ಅಗ್ನಿಗಳನ್ನು ಬೆಳಗಿಸುತ್ತಾರೆ; ಹಾಡುತ್ತಾರೆ, ಕುಣಿಯುತ್ತಾರೆ. ಮೂರು ವರ್ಷ ತುಂಬಿದ ಗಂಡುಮಕ್ಕಳ ಚೌಲವನ್ನು ಅಲ್ಲಿಯೇ ನೆರವೇರಿಸುತ್ತಾರೆ.

ಆ ದಿನವೇ ಅವರ ಮರಣದಿನವೆಂಬುದಕ್ಕೆ ಪ್ರಾಚೀನ ಆಧಾರವಿಲ್ಲ. 16ನೆಯ ಶತಮಾನದಲ್ಲಿ ಸಮೀಪದ ಸಫೇದ್ ನಗರದ ಅನುಭಾವಿಗಳಿಂದ ಈ ಯಾತ್ರೆಗೆ ಹೊಸ ಮಹತ್ತ್ವ ದೊರೆಯಿತು. ಅವರ ಪರಂಪರೆಯ ಒಂದು ಗ್ರಂಥದಲ್ಲಿ ‘ಶಿಮೋನರ ಸಂತೋಷದ ದಿನ’ ಎಂದಿದ್ದುದು, ಹೀಬ್ರೂವಿನ ಒಂದೇ ಅಕ್ಷರ ಬಿಟ್ಟುಹೋಗಿ, ‘ಶಿಮೋನರು ಮಡಿದ ದಿನ’ ಎಂದಾಯಿತೆಂದು ಕೆಲವು ವಿದ್ವಾಂಸರು ವಾದಿಸುತ್ತಾರೆ.

ತಾಲ್ಮುದ್ ಗ್ರಂಥದಲ್ಲಿ ಶಿಮೋನರ ಕಥೆಯೊಂದು ಬರುತ್ತದೆ. ರೋಮನ್ ಆಳ್ವಿಕೆಯನ್ನು ಟೀಕಿಸಿದುದಕ್ಕಾಗಿ ಅವರಿಗೆ ಮರಣದಂಡನೆ ವಿಧಿಸಲಾಯಿತು. ಮಗ ಎಲಾಜಾರನೊಡನೆ ಅವರು ಗುಹೆಯಲ್ಲಿ ಅಡಗಿ, ಕ್ಯಾರೊಬ್ ಮರದ ಕಾಯಿಯನ್ನೂ ಚಿಲುಮೆಯ ನೀರನ್ನೂ ನಂಬಿ 12 ವರ್ಷ ಅಧ್ಯಯನದಲ್ಲಿ ಕಳೆದರು. ಹೊರಬಂದಾಗ ಹೊಲ ಉಳುವವರನ್ನು ಕಂಡರು. ಶಾಶ್ವತವಾದುದನ್ನು ಬಿಟ್ಟು ನಶ್ವರವಾದುದಕ್ಕೆ ದುಡಿಯುತ್ತಿರುವರಲ್ಲಾ ಎಂದು ಅವರಿಗೆ ಕೋಪ ಬಂದಿತು. ಅವರ ದೃಷ್ಟಿ ಬಿದ್ದುದೆಲ್ಲವೂ ಸುಟ್ಟುಹೋಯಿತು. ಆಗ, ನನ್ನ ಲೋಕವನ್ನು ನಾಶಮಾಡಲು ಬಂದಿರಾ, ಮರಳಿ ಗುಹೆಗೆ ಹೋಗಿ ಎಂದು ಆಕಾಶವಾಣಿಯಾಯಿತು. ಇನ್ನೂ 12 ತಿಂಗಳು ಕಳೆದು ಹೊರಬಂದಾಗ, ಮಗನ ದೃಷ್ಟಿ ಗಾಯಗೊಳಿಸಿದುದನ್ನು ತಂದೆಯ ದೃಷ್ಟಿ ಗುಣಪಡಿಸುತ್ತಿತ್ತು. ಸಬ್ಬತ್ ದಿನದ ಗೌರವಾರ್ಥ ಎರಡು ಕಟ್ಟು ಸುಗಂಧದ ಸೊಪ್ಪನ್ನು ಹಿಡಿದು ಓಡುತ್ತಿದ್ದ ಮುದುಕನೊಬ್ಬನನ್ನು ಕಂಡು ಇಬ್ಬರ ಮನಸ್ಸೂ ಶಾಂತವಾಯಿತು. ಸುಡುವುದು ತಪಸ್ಸಿನ ಫಲವಲ್ಲ, ಕಾಯುವುದೇ ಅದರ ಫಲವೆಂಬುದು ಕಥೆಯ ಸಾರ.

ಗುರುವು ಕಲಿತ ಈ ಪಾಠವನ್ನು ಭಕ್ತರು ಕೆಲವೊಮ್ಮೆ ಮರೆತುದುಂಟು. ಬೆಲೆಬಾಳುವ ವಸ್ತ್ರಗಳನ್ನು ಎಣ್ಣೆಯಲ್ಲಿ ತೋಯಿಸಿ ಅಗ್ನಿಗೆ ಹಾಕುವ ವಾಡಿಕೆ ಮೆರೋನಿನಲ್ಲಿ ಬೆಳೆಯಿತು. ಬಳಸಬಹುದಾದುದನ್ನು ವ್ಯರ್ಥವಾಗಿ ಹಾಳುಮಾಡುವುದು ಧರ್ಮವಿರುದ್ಧವೆಂದು 19ನೆಯ ಶತಮಾನದಲ್ಲಿ ಲೆಂಬರ್ಗ್ ನಗರದ ರಬ್ಬಿ ಯೋಸೆಫ್ ಶಾವುಲ್ ನಾಥನ್‌ಸೋನ್ ಆಕ್ಷೇಪಿಸಿದರು.

ಅದಕ್ಕಿಂತ ಘೋರವಾದುದು 2021ರ ಏಪ್ರಿಲ್ 30ರ ನಸುಕಿಗೆ ಮೊದಲು ನಡೆಯಿತು. ಇಕ್ಕಟ್ಟಾದ ಇಳಿಜಾರು ದಾರಿಯಲ್ಲಿ ನೂಕುನುಗ್ಗಲಾಗಿ 45 ಮಂದಿ, ಅವರಲ್ಲಿ ಮಕ್ಕಳೂ ಸೇರಿ, ಪ್ರಾಣಬಿಟ್ಟರು. ಸ್ಥಳವು ಸುರಕ್ಷಿತವಲ್ಲವೆಂದು ಸರಕಾರದ ಲೆಕ್ಕಪರಿಶೋಧಕರು 2008ರಲ್ಲಿಯೂ 2011ರಲ್ಲಿಯೂ ಎಚ್ಚರಿಸಿದ್ದರು. ಆದರೆ ಕ್ಷೇತ್ರದ ಒಡೆತನವು ಹಲವು ಧರ್ಮದತ್ತಿಗಳ ವ್ಯಾಜ್ಯದಲ್ಲಿ ಸಿಲುಕಿತ್ತು. ಎಲ್ಲರಿಗೂ ಅಧಿಕಾರ ಬೇಕಿತ್ತು, ಹೊಣೆ ಯಾರಿಗೂ ಬೇಡವಾಗಿತ್ತು. ತನಿಖಾ ಆಯೋಗವು 2024ರ ಮಾರ್ಚ್‌ನಲ್ಲಿ ನೀಡಿದ ವರದಿಯು ದುರಂತದ ಸಮಯದಲ್ಲಿ ಪ್ರಧಾನಿಯಾಗಿದ್ದವರನ್ನೂ ಹೊಣೆಗಾರರನ್ನಾಗಿ ಹೆಸರಿಸಿತು.

ಸತ್ತವರಲ್ಲಿ ಯಾರೂ ತಪ್ಪು ಮಾಡಿರಲಿಲ್ಲ. ಗುರುವಿನ ನೆನಪಿಗೆಂದು ಬಂದಿದ್ದರು. ತಪ್ಪು ನಡೆದುದು ದ್ವೇಷದಿಂದಲ್ಲ, ಪ್ರಮಾದದಿಂದ. ಪ್ರಮಾದವೂ ಹಿಂಸೆಯೇ ಎಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಜನರು ಶ್ರದ್ಧೆಯಿಂದ ಕೂಡುವ ಯಾವುದೇ ಕ್ಷೇತ್ರದ ಆಡಳಿತವನ್ನು ವಹಿಸಿಕೊಂಡವರು ಉತ್ಸವದ ವೈಭವವನ್ನು ಎಣಿಸುವ ಮೊದಲು ದಾರಿಯ ಅಗಲವನ್ನು ಅಳೆಯಬೇಕು. ಬಂದವರೆಲ್ಲರೂ ಕ್ಷೇಮವಾಗಿ ಮನೆಗೆ ಮರಳಿದರೆ ಗುರುವಿನ ಪುಣ್ಯತಿಥಿ ಸಾರ್ಥಕವಾಯಿತೆಂದು ತಿಳಿಯಬೇಕು.