ದಂಡಯಾತ್ರೆಯ ಕಥೆ ಯಾರ ಬಾಯಿಂದ? ಏಜ್ ಆಫ್ ಎಂಪೈರ್ಸ್ ಕ್ಯಾಂಪೇನ್‌ಗಳೂ ಆದೋನಿ ಸೀಮೆಯೂ

ಮಂತ್ರಾಲಯದ ಬಳಿಯ ಮಾಧವರಂಗೆ ಬಡಗಣದಲ್ಲಿ ತುಂಗಭದ್ರೆ, ಹೊಳೆಯಾಚೆ ರಾಯಚೂರು ಜಿಲ್ಲೆ. ಕೌತಾಳಂ, ಕೋಸಿಗಿ ದೂರವೇನಲ್ಲ. ತೆಂಕಣಕ್ಕೆ ಹೋದರೆ ಆದೋನಿಯ ಕಲ್ಲುಗುಡ್ಡ, ಅದರ ಮೇಲೆ ಕೋಟೆ. ಆದೋನಿ ತಾಲೂಕು 1953ರ ಅಕ್ಟೋಬರ್ 1ರಂದು ಆಲೂರು, ರಾಯದುರ್ಗಗಳ ಜೊತೆ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಆದರೂ ಊರುಗಳಲ್ಲಿ ಕನ್ನಡ ಉಳಿದುಕೊಂಡಿದೆ. ಚೋಳ, ಚಾಲುಕ್ಯ, ಬಹಮನಿ, ವಿಜಯನಗರ, ಬಿಜಾಪುರ, ಮೊಗಲ್, ನಿಜಾಮ, ಮೈಸೂರು ಹೀಗೆ ಸೈನ್ಯದ ಮೇಲೆ ಸೈನ್ಯ ಹಾದುಹೋದ ನೆಲವಿದು.

ಇಂಥ ಸೈನ್ಯಗಳ ಓಡಾಟವನ್ನೇ ಆಟವಾಗಿಸಿದ ಕಂಪ್ಯೂಟರ್ ಗೇಮ್‌ಗಳ ಸರಣಿ ‘ಏಜ್ ಆಫ್ ಎಂಪೈರ್ಸ್’. 1997ರಿಂದ ಇಂದಿನವರೆಗೆ ಅದರ ಮೂಲ ಆಟಗಳೂ ವಿಸ್ತರಣೆಗಳೂ ಯುದ್ಧದ ಕಥೆಯನ್ನು ಬೇರೆ ಬೇರೆ ಬಗೆಯಲ್ಲಿ ಹೇಳಿವೆ. ಆ ಬಗೆಗಳನ್ನು ಹೋಲಿಸಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ: ಗ್ರಾಫಿಕ್ಸ್ ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ ಕಥೆಯನ್ನು ಯಾರು ಹೇಳುತ್ತಿದ್ದಾರೆ ಎಂಬುದೇ ಕ್ಯಾಂಪೇನ್‌ನ ಯೋಗ್ಯತೆಯನ್ನು ತೀರ್ಮಾನಿಸುತ್ತದೆ.

ಕ್ಯಾಂಪೇನ್ ಎಂದರೆ

ರಿಯಲ್ ಟೈಮ್ ಸ್ಟ್ರಾಟಜಿ ಆಟದಲ್ಲಿ ಸರದಿ ಎಂಬುದಿಲ್ಲ. ನೀವು ಮರ ಕಡಿಸುತ್ತಿರುವಾಗಲೇ ಎದುರಾಳಿ ದಂಡು ಕಟ್ಟುತ್ತಿರುತ್ತಾನೆ. ಬಿಡಿ ಪಂದ್ಯದಲ್ಲಿ ಇಬ್ಬರೂ ಸಮಾನವಾಗಿ ಆರಂಭಿಸುತ್ತಾರೆ. ಕ್ಯಾಂಪೇನ್‌ನಲ್ಲಿ ಹಾಗಿಲ್ಲ, ಒಬ್ಬ ನಾಯಕನ ಬದುಕನ್ನೋ ಒಂದು ರಾಜ್ಯದ ಏಳುಬೀಳನ್ನೋ ಐದಾರು ಸನ್ನಿವೇಶಗಳಾಗಿ ಕಟ್ಟಿರುತ್ತಾರೆ. ಪ್ರತಿ ಸನ್ನಿವೇಶಕ್ಕೂ ಅದರದೇ ಭೂಪಟ, ಅದರದೇ ಗುರಿ. ನಡುನಡುವೆ ಕಥೆ.

ಓದುವ ಕಥೆಯಿಂದ ಕೇಳುವ ಕಥೆಗೆ

ಅಮೆರಿಕದ ಎನ್ಸೆಂಬಲ್ ಸ್ಟುಡಿಯೋಸ್ ರೂಪಿಸಿ ಮೈಕ್ರೋಸಾಫ್ಟ್ 1997ರಲ್ಲಿ ಹೊರತಂದ ಮೊದಲ ಆಟದಲ್ಲಿ ಈಜಿಪ್ಟ್, ಗ್ರೀಸ್, ಬ್ಯಾಬಿಲೋನ್, ಯಾಮಾಟೊ ಕ್ಯಾಂಪೇನ್‌ಗಳಿದ್ದವು. ಮರುವರ್ಷ ಬಂದ ‘ರೈಸ್ ಆಫ್ ರೋಮ್’ ವಿಸ್ತರಣೆ ರೋಮನ್ನರನ್ನು ಸೇರಿಸಿತು. ಅಲ್ಲಿ ನಾಯಕರಾದವು ನಾಗರಿಕತೆಗಳು, ಮನುಷ್ಯರು ಹಿನ್ನೆಲೆಯಲ್ಲಿ ಉಳಿದರು.

1999ರ ಎರಡನೆಯ ಆಟ ‘ದಿ ಏಜ್ ಆಫ್ ಕಿಂಗ್ಸ್’ ಇದನ್ನು ತಲೆಕೆಳಗು ಮಾಡಿತು. ಆಟ ಕಲಿಸುವ ವಿಲಿಯಂ ವ್ಯಾಲೇಸ್ ಪಾಠಗಳ ನಂತರ ಜೋನ್ ಆಫ್ ಆರ್ಕ್, ಸಲಾದಿನ್, ಚೆಂಗಿಸ್ ಖಾನ್, ಬಾರ್ಬರೋಸಾ ಎಂಬ ನಾಲ್ವರ ಕಥೆಗಳು, ತಲಾ ಆರು ಸನ್ನಿವೇಶ. ಇವನ್ನು ನಿರೂಪಿಸುವವರ ಆಯ್ಕೆಯಲ್ಲಿ ನಿಜವಾದ ಪ್ರತಿಭೆ ಇದೆ. ಜೋನ್‌ಳ ಕಥೆಯನ್ನು ಅವಳ ಬೆನ್ನ ಹಿಂದೆ ನಡೆದ ಸೈನಿಕನೊಬ್ಬ ಹೇಳುತ್ತಾನೆ. ಸಲಾದಿನ್‌ನ ಹಿರಿಮೆ ನಮಗೆ ತಿಳಿಯುವುದು ಅವನ ಕೈಗೆ ಸಿಕ್ಕ ಯುರೋಪಿನ ಯೋಧನಿಂದ. ಬಾರ್ಬರೋಸಾನ ಕಥೆ ಹೇಳುತ್ತಿದ್ದ ಮುದುಕ, ಅದೇ ಚಕ್ರವರ್ತಿಗೆ ಎರಡು ಬಗೆದ ಹೆನ್ರಿ ದಿ ಲಯನ್ ಎಂದು ತಿಳಿಯುವುದು ಕೊನೆಯಲ್ಲಿ. ವೈರಿಯ ಬಾಯಲ್ಲಿ ಬಂದ ಹೊಗಳಿಕೆಗೆ ಬೇರೆಯೇ ತೂಕ.

ಗುರಿಗಳಲ್ಲೂ ಅಷ್ಟೇ ವೈವಿಧ್ಯ. ಜೋನ್‌ಳ ಮೊದಲ ಸನ್ನಿವೇಶದಲ್ಲಿ ಊರು ಕಟ್ಟುವ ಮಾತೇ ಇಲ್ಲ. ಬೆರಳೆಣಿಕೆಯ ಜನರೊಂದಿಗೆ ಅವಳನ್ನು ಶಿನೋನ್ ಕೋಟೆಗೆ ಮುಟ್ಟಿಸಬೇಕು. ಚೆಂಗಿಸ್ ಖಾನ್‌ನ ಆರಂಭ ಬುಡಕಟ್ಟುಗಳನ್ನು ಒಲಿಸಿಕೊಳ್ಳುವುದರಲ್ಲಿ: ಒಬ್ಬೊಬ್ಬರದು ಒಂದೊಂದು ಬೇಡಿಕೆ, ಈಡೇರಿಸಿದರೆ ಸ್ನೇಹ. ಬಾರ್ಬರೋಸಾ 1190ರಲ್ಲಿ ದಂಡಯಾತ್ರೆಯ ನಡುವೆ ಹೊಳೆಯಲ್ಲಿ ಮುಳುಗಿ ಸತ್ತವನು. ಕೊನೆಯ ಸನ್ನಿವೇಶದಲ್ಲಿ ಪೀಪಾಯಿಯಲ್ಲಿಟ್ಟ ಅವನ ದೇಹವನ್ನು ಜೆರುಸಲೇಮಿಗೆ ಒಯ್ಯಬೇಕು.

ದಿ ಕಾಂಕರರ್ಸ್: ಸೋತವರ ಕಡೆಯಿಂದ

2000ದ ಈ ವಿಸ್ತರಣೆಯಲ್ಲಿ ಅಟಿಲಾ, ಎಲ್ ಸಿಡ್, ಮಾಂಟೆಝೂಮಾ ಬಂದರು. ಎಲ್ ಸಿಡ್‌ನ ಕಥೆ ಹೇಳುವವಳು ಅವನ ಹೆಂಡತಿ. ಮಾಂಟೆಝೂಮಾ ಹೆಸರಿನ ಕ್ಯಾಂಪೇನ್ ಸ್ಪೇನಿನವರ ಎದುರು ನಿಂತ ಅಝ್ಟೆಕ್ ನಾಯಕ ಕ್ವೌಟೆಮೊಕ್‌ನ ಮಾತಿನಲ್ಲಿದೆ. ಆಟಗಾರ ಗೆದ್ದರೂ ಚರಿತ್ರೆಯಲ್ಲಿ ಅಝ್ಟೆಕ್ಕರು ಗೆದ್ದಿಲ್ಲ. ಆ ಇಕ್ಕಟ್ಟನ್ನು ಆಟ ಪೂರ್ತಿ ಬಗೆಹರಿಸಲಾರದು. ಆದರೂ ನಾಶವಾದ ರಾಜಧಾನಿಯ ಒಳಗೆ ನಿಂತು ಆಡುವಂತೆ ಮಾಡಿದ್ದು ದೊಡ್ಡ ನಿರ್ಧಾರ.

ಜೊತೆಗೆ ಬಂದ ಬಿಡಿ ಕದನಗಳ ಗುಚ್ಛದಲ್ಲಿ ಹೇಸ್ಟಿಂಗ್ಸ್, ಅಜಿನ್‌ಕೋರ್ಟ್, ಲೆಪಾಂಟೊ ಮುಂತಾದವುಗಳಿದ್ದವು. ಮನುಷ್ಯರ ಪರಿಚಯವಾಗುವಷ್ಟರಲ್ಲಿ ಒಂದೊಂದೂ ಮುಗಿದುಹೋಗುತ್ತದೆ.

ಅಭಿಮಾನಿಗಳ ಕೈಯಿಂದ

ಮುಂದೆ ಸುಮಾರು 13 ವರ್ಷ ಈ ಎರಡನೆಯ ಆಟಕ್ಕೆ ಹೊಸ ಅಧಿಕೃತ ವಿಸ್ತರಣೆ ಬರಲಿಲ್ಲ. ಅಭಿಮಾನಿಗಳೇ ಸೇರಿ ಕಟ್ಟಿದ ಒಂದು ಮಾಡ್, ಅಂದರೆ ಆಟದ ಮಾರ್ಪಾಡು, 2013ರಲ್ಲಿ ‘ದಿ ಫರ್ಗಾಟನ್’ ಹೆಸರಿನಲ್ಲಿ ಅಧಿಕೃತವಾಯಿತು. ‘ಇಂಡಿಯನ್ಸ್’ ಎಂಬ ಒಂದೇ ಹೆಸರಿನಡಿ ಇಡೀ ಉಪಖಂಡ ಆಟಕ್ಕೆ ಬಂದದ್ದು ಆಗಲೇ. ಪೃಥ್ವೀರಾಜನ ಕ್ಯಾಂಪೇನ್ ಕೂಡ ಬಂತು. ಸಂಯುಕ್ತೆಯನ್ನು ಕರೆದೊಯ್ಯುವ ಪ್ರಸಂಗ ಅದರಲ್ಲಿ ಒಂದು ಪೂರ್ಣ ಸನ್ನಿವೇಶ.

2015ರ ‘ದಿ ಆಫ್ರಿಕನ್ ಕಿಂಗ್‌ಡಮ್ಸ್’ನಲ್ಲಿ ಪೋರ್ಚುಗೀಸ್ ವೈಸರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡಾನ ಕಥೆ ಇದೆ. ಈತ 1505ರಲ್ಲಿ ಕಾರವಾರದ ಎದುರಿನ ಅಂಜದೀವದಲ್ಲಿ ಕೋಟೆ ಕಟ್ಟಿಸಿದವನು, ಅದೇ ವರ್ಷ ಹೊನ್ನಾವರದ ಮೇಲೆ ದಾಳಿ ಮಾಡಿದವನು. ಆಟಗಾರ ಇಲ್ಲಿ ಅವನ ಹಡಗಿನಲ್ಲಿರುತ್ತಾನೆ, ಕರಾವಳಿ ಎದುರು ಬದಿಯಲ್ಲಿ. ಆಡಬಾರದು ಎನ್ನಲಾರೆ, ಕರಾವಳಿಯ ಕಡೆಯಿಂದಲೂ ಒಂದು ಕಥೆ ಇರಬೇಕಿತ್ತು ಎನ್ನುತ್ತೇನೆ. ಮರುವರ್ಷದ ‘ರೈಸ್ ಆಫ್ ದಿ ರಾಜಾಸ್’ ಆಗ್ನೇಯ ಏಷ್ಯಾದ್ದು. ಗಜ ಮದ, ಸೂರ್ಯವರ್ಮ, ಬಯಿನ್ನೌಂಗ್, ಲೆ ಲೋಯ್ ಅದರ ನಾಯಕರು.

ಡೈನಾಸ್ಟೀಸ್ ಆಫ್ ಇಂಡಿಯಾ

2022ರ ಏಪ್ರಿಲ್ 28ರಂದು ಬಂದ ಈ ವಿಸ್ತರಣೆ ಹಳೆಯ ‘ಇಂಡಿಯನ್ಸ್’ ಅನ್ನು ಒಡೆದು ಹಿಂದೂಸ್ತಾನಿ, ಬಂಗಾಳಿ, ಗುರ್ಜರ, ದ್ರಾವಿಡ ಎಂದು ನಾಲ್ಕು ಮಾಡಿತು. ಬಾಬರ್, ಪಾಲ ದೊರೆ ದೇವಪಾಲ, ರಾಜೇಂದ್ರ ಚೋಳ ಎಂಬ ಮೂವರ ಹೊಸ ಕ್ಯಾಂಪೇನ್‌ಗಳು ಬಂದವು.

ನಮಗೆ ಹತ್ತಿರದವನು ರಾಜೇಂದ್ರ. ಅವನ ತಮಿಳು ಪ್ರಶಸ್ತಿಯಲ್ಲಿ ಗೆದ್ದ ನಾಡುಗಳ ಪಟ್ಟಿ ಶುರುವಾಗುವುದೇ ಎಡೆದೊರೆ ನಾಡಿನಿಂದ, ಅಂದರೆ ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ಸೀಮೆಯಿಂದ. ಮುಂದಿನ ಹೆಸರು ಬನವಾಸಿ. ಕಲ್ಯಾಣದ ಚಾಲುಕ್ಯ ಜಯಸಿಂಹನೊಡನೆ 1021ರ ಸುಮಾರಿಗೆ ಅವನ ಸೈನ್ಯ ಕಾದಿದ ಮುಶಂಗಿಯನ್ನು ಹಲವು ಇತಿಹಾಸಕಾರರು ರಾಯಚೂರು ಜಿಲ್ಲೆಯ ಮಸ್ಕಿಯೆಂದು ಗುರುತಿಸುತ್ತಾರೆ. ಚೋಳರ ಕಣ್ಣಲ್ಲಿ ಚಾಲುಕ್ಯರು ಶತ್ರುಗಳು. ಗಂಗೆಯವರೆಗೆ ಹೋದ ದಂಡು, 1025ರಲ್ಲಿ ಶ್ರೀವಿಜಯದ ಮೇಲೆ ನಡೆದ ಹಡಗುದಾಳಿ, ಎಲ್ಲವೂ ರೋಮಾಂಚಕ. ಆದರೆ ಆ ಕಥೆಯಲ್ಲಿ ನಮ್ಮ ಹೊಲಗದ್ದೆಗಳು ದಾಟಿಹೋಗಬೇಕಾದ ನೆಲ ಮಾತ್ರ.

ದ್ರಾವಿಡರ ಸೈನ್ಯದ ರಚನೆಯೂ ಚೋಳರನ್ನೇ ನೆನೆದು ಮಾಡಿದ್ದು. ಉರುಮಿ ಬೀಸುವ ಕಾಲಾಳು, ತಿರಿಸಡೈ ಎಂಬ ದೊಡ್ಡ ಹಡಗು, ಆನೆ, ದಕ್ಷಿಣದ ಹೆಸರಾಂತ ವೂಟ್ಜ್ ಉಕ್ಕು, ಇವೆಲ್ಲ ಉಂಟು. ಕುದುರೆದಳ ಮಾತ್ರ ತೀರಾ ದುರ್ಬಲ. ಇದೇ ಪಡೆಯನ್ನು ವಿಜಯನಗರಕ್ಕೆ ಹಚ್ಚಿದರೆ ಲೆಕ್ಕ ತಪ್ಪುತ್ತದೆ. ವಿಜಯನಗರದ ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಹಂಪಿಯ ಗೋಡೆಗಳ ಮೇಲೆ ಸಾಲುಗಟ್ಟಿ ನಿಂತಿರುವುದೂ ಕುದುರೆಗಳೇ. ‘ದ್ರಾವಿಡ’ ಎಂಬ ಒಂದೇ ಚೀಲದಲ್ಲಿ ಕಾವೇರಿ ಮುಖಜಭೂಮಿಯ ಹಡಗನ್ನೂ ತುಂಗಭದ್ರೆಯ ಅಶ್ವದಳವನ್ನೂ ತುಂಬಲಾಗದು. ಮೇಲೆ ಹೇಳಿದ ಕ್ಯಾಂಪೇನ್‌ಗಳಲ್ಲಿ ಒಂದೂ ವಿಜಯನಗರದ ಕಡೆಯಿಂದ ಹೇಳಿದ್ದಲ್ಲ.

ಮೂರನೆಯದು, ನಾಲ್ಕನೆಯದು

2005ರ ಮೂರನೆಯ ಆಟ ಚಾರಿತ್ರಿಕ ನಾಯಕರನ್ನು ಬಿಟ್ಟು ಬ್ಲ್ಯಾಕ್ ಎಂಬ ಕಾಲ್ಪನಿಕ ಮನೆತನದ ತಲೆಮಾರುಗಳನ್ನು ಹಿಡಿಯಿತು. ಅದರ 2007ರ ವಿಸ್ತರಣೆ ‘ದಿ ಏಷಿಯನ್ ಡೈನಾಸ್ಟೀಸ್’ನಲ್ಲಿ 1857ರ ದಂಗೆಯ ಕಥೆಯಿದೆ, ನಾಯಕ ನಾನಿಬ್ ಸಾಹಿರ್ ಎಂಬ ಕಲ್ಪಿತ ಸಿಪಾಯಿ. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದವನು ತಿರುಗಿ ಬೀಳುವುದು ಒಳ್ಳೆಯ ನಾಟಕ, ಆದರೆ ನಿಜವಾದ ಹೆಸರುಗಳಿಗೆ ಬರವಿಲ್ಲದ ಕಾಲಕ್ಕೆ ಕಲ್ಪಿತ ಹೆಸರು ಏಕೆ ಬೇಕಾಯಿತೋ. 2021ರ ನಾಲ್ಕನೆಯ ಆಟ ಸಾಕ್ಷ್ಯಚಿತ್ರದ ದಾರಿ ಹಿಡಿದು, ಯುದ್ಧ ನಡೆದ ಜಾಗಗಳಲ್ಲೇ ಚಿತ್ರೀಕರಿಸಿದ ದೃಶ್ಯಗಳನ್ನು ಸನ್ನಿವೇಶಗಳ ನಡುವೆ ಇಟ್ಟಿತು. ಮಾಹಿತಿ ಹೆಚ್ಚಾಯಿತು. ಕಥೆ ಹೇಳುವ ದನಿ ಎಲ್ಲ ತಿಳಿದ ಹೊರಗಿನವರದಾಯಿತು; ಹೆನ್ರಿ ದಿ ಲಯನ್‌ನಂಥವನ ಸಂಕಟ ಅಲ್ಲಿ ಸಿಗುವುದಿಲ್ಲ.

ಈ ದಡದಲ್ಲಿ ಸಿಗುವ ಸನ್ನಿವೇಶಗಳು

ಆದೋನಿ ಸೀಮೆಯ ಚರಿತ್ರೆ ಕ್ಯಾಂಪೇನ್‌ಗೆ ಹೇಳಿ ಮಾಡಿಸಿದಂತಿದೆ. ಮೊದಲನೆಯದು 1366ರ ಯುದ್ಧ. ಚರಿತ್ರೆಕಾರ ಫೆರಿಷ್ತಾ ಹೇಳುವ ಪ್ರಕಾರ, ಗುಲ್ಬರ್ಗದ ಸುಲ್ತಾನ ಒಂದನೆಯ ಮಹಮ್ಮದ್ ಷಾ ದಿಲ್ಲಿಯಿಂದ ಬಂದ 300 ಗಾಯಕರ ಸಂಭಾವನೆಯನ್ನು ವಿಜಯನಗರದ ಬೊಕ್ಕಸದ ಮೇಲೆ ಬರೆದುಕೊಟ್ಟ. ರಾಯ ಆ ಹುಂಡಿ ತಂದವನನ್ನು ಕತ್ತೆಯ ಮೇಲೆ ಮೆರೆಸಿ ಅಟ್ಟಿದ, ಸೈನ್ಯ ನಡೆಸಿ ಮುದಗಲ್ ಕೋಟೆ ಹಿಡಿದ. ಸುಲ್ತಾನ ಸೇಡಿಗೆ ಹೊರಟು ತುಂಗಭದ್ರೆ ದಾಟಿದ. ಆದೋನಿ ಕೋಟೆಯನ್ನು ರಾಯ ಸೋದರಳಿಯನ ವಶಕ್ಕೆ ಬಿಟ್ಟಿದ್ದ. ದೊಡ್ಡ ಕದನ ನಡೆದ ಜಾಗ ಕೌತಾಳಂ ಎಂಬುದು 1900ರಲ್ಲಿ ವಿಜಯನಗರದ ಇತಿಹಾಸ ಪ್ರಕಟಿಸಿದ ರಾಬರ್ಟ್ ಸಿವೆಲ್‌ನ ಊಹೆ. ಕೊನೆಗೆ ಗಾಯಕರ ಹಣ ಸಂದಾಯವಾಯಿತು; ಸೆರೆಯಾಳುಗಳನ್ನೂ ನಿರಾಯುಧರನ್ನೂ ಕೊಲ್ಲಬಾರದೆಂಬ ಒಪ್ಪಂದವೂ ಆಯಿತು. ಫೆರಿಷ್ತಾ ಬಿಜಾಪುರದ ಆಸ್ಥಾನದಲ್ಲಿದ್ದು ಎರಡು ಶತಮಾನಕ್ಕೂ ಮಿಕ್ಕಿ ಕಳೆದ ಮೇಲೆ ಬರೆದವನು, ಒಂದು ಪಕ್ಷದ ಬಾಯಿ ಎಂಬುದನ್ನು ಮರೆಯುವಂತಿಲ್ಲ. ಹಾಗಾಗಿಯೇ ನಿರೂಪಕನನ್ನು ಬದಲಿಸಿ ನೋಡಬೇಕು. ನಾನಾದರೆ ಆ ಮುನ್ನೂರರಲ್ಲಿ ಒಬ್ಬ ಗಾಯಕನ ಕೈಗೆ ಕಥೆ ಕೊಡುತ್ತೇನೆ; ತನ್ನ ಸಂಭಾವನೆಗಾಗಿ ಎಷ್ಟು ಊರು ಉರಿದವೆಂದು ಬಲ್ಲವನು ಅವನು.

ಎರಡನೆಯದು ರಾಯಚೂರು, 1520. ಇಸ್ಮಾಯಿಲ್ ಆದಿಲ್ ಷಾ ಕೃಷ್ಣೆ ದಾಟಿ ಬಂದ. ಅವನ ಫಿರಂಗಿಗಳ ಎದುರು ವಿಜಯನಗರದ ಮುಂದಿನ ಸಾಲು ಒಡೆಯಿತು. ಕೃಷ್ಣದೇವರಾಯ ಖುದ್ದಾಗಿ ದಂಡನ್ನು ತಿರುಗಿಸಿ ಗೆದ್ದ ಎಂದು ನೂನಿಜ್ ಹೇಳುತ್ತಾನೆ. ಕೋಟೆಯ ಮುತ್ತಿಗೆ ಇನ್ನೂ ಸ್ವಾರಸ್ಯಕರ. ಜನ ಹಾರೆ, ಗುದ್ದಲಿ ಹಿಡಿದು ಗೋಡೆಯ ಕಲ್ಲು ಕೀಳಬೇಕು, ಕಿತ್ತ ಕಲ್ಲಿಗೆ ಹಣ. ಮೇಲಿನಿಂದ ಬಾಣ, ಬಂಡೆ ಸುರಿಯುತ್ತಿರುವಾಗ ಕ್ರಿಸ್ಟೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನ ಬಂದೂಕುಗಾರರು ಗೋಡೆಯ ಮೇಲಿನವರನ್ನು ಹೊಡೆದರು. ಇಣುಕಿ ನೋಡಿದ ಕೋಟೆಯ ಅಧಿಪತಿ ಗುಂಡಿಗೆ ಬಿದ್ದ ಮೇಲೆ ಊರು ಶರಣಾಯಿತು.

ಮೂರನೆಯದರಲ್ಲಿ ಗೆಲುವೆಂದರೆ ತಪ್ಪಿಸಿಕೊಳ್ಳುವುದು. 1786ರಲ್ಲಿ ಟಿಪ್ಪು ಆದೋನಿಗೆ ಮುತ್ತಿಗೆ ಹಾಕಿದಾಗ ಕೋಟೆಯೊಳಗೆ ನಿಜಾಮನ ಬಂಧುಗಳ ಕುಟುಂಬವಿತ್ತು. ನೆರವಿಗೆ ಬಂದ ಹೈದರಾಬಾದ್ ಮತ್ತು ಮರಾಠಾ ಪಡೆಗಳು ಮಳೆಗಾಲದ ನೀರು ಏರುವ ಮುಂಚೆ ಅವರನ್ನು ತುಂಗಭದ್ರೆ ದಾಟಿಸಿಕೊಂಡು ಹಿಂದೆಗೆದವು. ಬರಿದಾದ ಕೋಟೆಯನ್ನು ಟಿಪ್ಪು ಕೆಡವಿಸಿದ. ಸಮಯವನ್ನು ಅಳೆಯುವುದು ಇಲ್ಲಿ ಹೊಳೆಯ ನೀರು.

ಎಡಿಟರ್‌ನಲ್ಲಿ ಕಟ್ಟುವುದು

ಇಂಥ ಸನ್ನಿವೇಶಗಳನ್ನು ಕಟ್ಟಲು ಆಟದ ಕಂಪನಿಯ ಅಪ್ಪಣೆ ಬೇಕಿಲ್ಲ. 1999ರ ಆಟದಿಂದಲೂ ಸೀನಾರಿಯೊ ಎಡಿಟರ್ ಒಳಗೇ ಇದೆ. ಭೂಪಟ ಬರೆಯಬಹುದು, ‘ಟ್ರಿಗರ್’ ಇಡಬಹುದು. ಟ್ರಿಗರ್ ಅಂದರೆ ಹೀಗಾದರೆ ಹಾಗಾಗಲಿ ಎಂಬ ಕಟ್ಟಳೆ: ಇಷ್ಟು ನಿಮಿಷ ಕಳೆದರೆ ಹೊಳೆಯ ಹಾಯ್ಗಡ ಮುಚ್ಚಲಿ, ಹಾರೆಯವರು ಗೋಡೆ ಮುಟ್ಟಿದರೆ ಬೊಕ್ಕಸದಿಂದ ಹೊನ್ನು ಇಳಿಯಲಿ, ರೈತನೊಬ್ಬ ಸತ್ತರೂ ಒಪ್ಪಂದ ಮುರಿಯಲಿ. ಸಂದೇಶಗಳನ್ನು ಸ್ವಂತ ಮಾತಿನಲ್ಲಿ ಬರೆಯಬಹುದು, ನಿರೂಪಣೆಯನ್ನು ಸ್ವಂತ ದನಿಯಲ್ಲಿ ಮುದ್ರಿಸಿ ಸೇರಿಸಬಹುದು. ಆದೋನಿಯ ಗುಡ್ಡ ಎಷ್ಟು ಕಡಿದು, ತುಂಗಭದ್ರೆ ಬೇಸಿಗೆಯಲ್ಲಿ ಎಲ್ಲಿ ಮೊಣಕಾಲುದ್ದ, ಯಾವ ದಾರಿಯಲ್ಲಿ ಎರೆಮಣ್ಣು ಮಳೆಗೆ ಬಂಡಿಯ ಗಾಲಿ ಹಿಡಿಯುತ್ತದೆ ಎಂಬುದು ಮಾಧವರಂ, ಕೌತಾಳಂ ಕಡೆಯ ಹುಡುಗರಿಗೆ ಯಾವ ಸ್ಟುಡಿಯೋಗಿಂತಲೂ ಚೆನ್ನಾಗಿ ಗೊತ್ತು. ಭೂಪಟವನ್ನು ಅಲ್ಲಿಂದಲೇ ಶುರು ಮಾಡಬಹುದು: ನಡುವೆ ಹೊಳೆ, ಬಡಗಣ ಮೂಲೆಯಲ್ಲಿ ಮುದಗಲ್, ತೆಂಕಣದಲ್ಲಿ ಆದೋನಿ, ಎರಡಕ್ಕೂ ಸೇರದ ಹತ್ತಾರು ಹಳ್ಳಿ.