ಕೋವಿಯ ತೂಕ, ಕೋವಿಯ ಒದೆತ

ಅಂಧೇರಿ ಪೂರ್ವದಲ್ಲಿ ನಾವು ದಿನವೂ ನಡೆಯುವ ದಾರಿಯಲ್ಲಿ ಒಂದು ಎಟಿಎಂ ಇದೆ. ಅದಕ್ಕೆ ಹಣ ತುಂಬಲು ಬರುವ ವ್ಯಾನಿನಿಂದ ಮೊದಲು ಇಳಿಯುವವನು ಕೋವಿ ಹಿಡಿದ ಕಾವಲುಗಾರ. ಬಹುಕಾಲ ಅವನ ಕೈಯಲ್ಲಿದ್ದುದು ಹಳೆಯ ಜೋಡುನಳಿಗೆಯ ಕೋವಿ. ಈಚೆಗೆ ಒಂದು ದಿನ ಬೇರೊಂದು ಕಂಡಿತು: ಒಂದೇ ನಳಿಗೆ, ಅದರ ಕೆಳಗೆ ಇನ್ನೊಂದು ಕೊಳವೆ, ಆ ಕೊಳವೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಹಿಡಿ. ಅದು ಪಂಪ್ ಕೋವಿ. ತೂಕ ಹೇಗಿದೆ ಎಂದು ಕೇಳಿದೆವು. ಬೆಳಗ್ಗೆ ಏನೂ ಅನಿಸುವುದಿಲ್ಲ, ಸಂಜೆಗೆ ಭುಜ ಸೇದುತ್ತದೆ ಎಂದನು. ಒದೆತ ಹೇಗೆ ಎಂದು ಕೇಳಿದ್ದಕ್ಕೆ ನಕ್ಕನು. ಅದನ್ನು ಅವನು ಒಮ್ಮೆಯೂ ಹಾರಿಸಿರಲಿಲ್ಲ.

ನಾವು ಹಾಗೆ ಕೇಳಲು ಕಾರಣವಿತ್ತು. ಅದೇ ವಾರ ಊರಿನಿಂದ ತಮ್ಮನ ಮಗ ಫೋನು ಮಾಡಿದ್ದನು. ನಮ್ಮ ಮನೆ ಇರುವುದು ಉತ್ತರ ಕನ್ನಡದ ಘಟ್ಟದ ಮೇಲೆ, ಅಡಿಕೆ ತೋಟದ ಅಂಚಿನಲ್ಲಿ. ಅಜ್ಜನ ಕಾಲದ ಬೆಳೆರಕ್ಷಣೆಯ ಲೈಸೆನ್ಸು, ಅಜ್ಜನ ಕಾಲದ ಒಂಟಿನಳಿಗೆಯ ಕೇಪಿನ ಕೋವಿ. ಅಜ್ಜನಿಂದ ಅಪ್ಪನಿಗೆ ಬಂದ ಅದು ಈಗ ಮುಂದಿನ ತಲೆಯ ಹೆಸರಿಗೆ ಆಗಬೇಕಾಗಿದೆ. ಉಳಿದ ವಾರಸುದಾರರು ತಮ್ಮ ತಕರಾರಿಲ್ಲವೆಂದು ಬರೆದುಕೊಡಬೇಕು. "ದೊಡ್ಡಪ್ಪ, ನಿಮ್ಮ ಸಹಿ ಬೇಕಿತ್ತು. ಹಾಂಗೇ ಈ ಹಳೇದನ್ನ ಒಪ್ಪಿಸಿ ಒಂದು ಪಂಪ್ ಕೋವಿಗೆ ಅರ್ಜಿ ಹಾಕಿದ್ರೆ ಹ್ಯಾಂಗೆ?" ಎಂದು ಅವನು ಕೇಳಿದನು. ಸಹಿಗೆ ನಮ್ಮಲ್ಲಿ ಉತ್ತರವಿತ್ತು. ಎರಡನೆಯ ಪ್ರಶ್ನೆಗೆ ಇರಲಿಲ್ಲ. ಅದನ್ನು ಹುಡುಕುತ್ತ ಹೋದಾಗ ಸಿಕ್ಕಿದ ಚರಿತ್ರೆಯನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಕೇಪಿನ ಕೋವಿ ಎಂದರೆ ಬಾಯಿಯಿಂದ ತುಂಬುವ ಕೋವಿ. ಮೊದಲು ಅಳತೆಯ ಕರಿಮದ್ದು, ಅದರ ಮೇಲೆ ತೆಂಗಿನ ನಾರು, ಮತ್ತೆ ಚರೆ ಅಥವಾ ಗುಂಡು, ಮತ್ತೆ ನಾರು. ಪ್ರತಿಯೊಂದನ್ನೂ ಕಬ್ಬಿಣದ ಸಲಾಕೆಯಿಂದ ಗಿಡಿಯಬೇಕು. ಕೊನೆಗೆ ಹಿಂಬದಿಯ ಮೊಲೆಗೆ ತಾಮ್ರದ ಕೇಪು ತೊಡಿಸಿ ಕುದುರೆಯನ್ನು ಎತ್ತಬೇಕು. ಇಷ್ಟೂ ಮುಗಿದರೆ ಒಂದು ಈಡು. ಮಳೆಗಾಲದಲ್ಲಿ ಅದೂ ಖಾತ್ರಿಯಲ್ಲ. ಹಳುವಿನಿಂದ ಹಂದಿಯನ್ನು ಎಬ್ಬಿಸುವವರು ಹತ್ತು ಜನರಿದ್ದರೂ ಹಾದಿಯಲ್ಲಿ ಕಾದು ನಿಂತವನ ಕೈಯಲ್ಲಿ ಇರುತ್ತಿದ್ದುದು ಆ ಒಂದೇ ಈಡು. ಅದು ತಪ್ಪಿದರೆ ಮುಂದಿನದನ್ನು ತುಂಬುವಷ್ಟರಲ್ಲಿ ಹಂದಿ ಇನ್ನೊಂದು ಗುಡ್ಡದಲ್ಲಿ. ಹೀಗಾಗಿ ಹತ್ತಿರಕ್ಕೆ ಬರುವವರೆಗೆ ಕಾಯುವುದು, ಅನುಮಾನವಿದ್ದರೆ ಬಿಡುವುದು ಬೇಟೆಯ ರೂಢಿಯಾಗಿತ್ತು. ಇದನ್ನು ಹಿರಿಯರ ದೊಡ್ಡಗುಣವೆಂದು ಹೊಗಳುವ ಅಗತ್ಯವಿಲ್ಲ. ಅವರ ಆಯುಧವೇ ಅವರಿಂದ ಹಾಗೆ ಮಾಡಿಸುತ್ತಿತ್ತು.

ನಾವು ಆ ಕೋವಿಯನ್ನು ಹಾರಿಸಿದ್ದು ಒಮ್ಮೆ ಮಾತ್ರ. ಕಾಲೇಜಿನ ರಜೆಯಲ್ಲಿ ತೋಟಕ್ಕೆ ಮಂಗಗಳು ಬಂದಿದ್ದವು. ಅಜ್ಜ ಬರೀ ಮದ್ದು ಹಾಕಿ, ನಾರು ಗಿಡಿದು ಕೈಗೆ ಕೊಟ್ಟರು. "ತಮಾ, ಭುಜಕ್ಕೆ ಗಟ್ಟಿ ಒತ್ತಿ ಹಿಡಿ. ಸಡ್ಲ ಬಿಟ್ರೆ ಒದೀತದೆ" ಎಂದರು. ನಾವು ಹೆದರಿ ಸಡಿಲವಾಗಿಯೇ ಹಿಡಿದೆವು. ಚರೆಯಿಲ್ಲದ ಈಡಿಗೂ ಭುಜ ತಕ್ಕ ಪಾಠ ಕಲಿಯಿತು. ಆ ಸಂಜೆ ಅಡಿಕೆ ತೂಗುವ ತಕ್ಕಡಿಯಲ್ಲಿ ಕೋವಿಯನ್ನಿಟ್ಟು ನೋಡಿದರೆ ಮೂರು ಕಿಲೋಗೆ ತುಸು ಹೆಚ್ಚಿತ್ತು. ಇಷ್ಟು ಭಾರವೇಕೆ ಎಂದು ಅಜ್ಜನನ್ನು ಕೇಳಿದಾಗ, ಹಗುರವಾಗಿದ್ದರೆ ನಿನ್ನ ಭುಜ ಇರುತ್ತಿರಲಿಲ್ಲ ಎಂದಿದ್ದರು.

ಅಜ್ಜನ ಮಾತು ನ್ಯೂಟನ್ನನ ನಿಯಮವೇ. ಚರೆ ಮುಂದಕ್ಕೆ ಎಷ್ಟು ಬಲದಿಂದ ಹೋಗುತ್ತದೆಯೋ ಅಷ್ಟೇ ಬಲದಿಂದ ಕೋವಿ ಹಿಂದಕ್ಕೆ ಬರುತ್ತದೆ. 12 ಬೋರಿನ ಸಾಧಾರಣ ತೋಟೆಯೊಂದು 32 ಗ್ರಾಂ ಚರೆಯನ್ನು ಸೆಕೆಂಡಿಗೆ ಸುಮಾರು 370 ಮೀಟರ್ ವೇಗದಲ್ಲಿ ಕಳಿಸುತ್ತದೆ ಎಂದುಕೊಳ್ಳೋಣ. 3.4 ಕಿಲೋ ತೂಕದ ಕೋವಿಯಲ್ಲಿ ಅದರ ಒದೆತ ಸುಮಾರು 31 ಜೂಲ್. ಅದೇ ತೋಟೆಯನ್ನು 2.7 ಕಿಲೋ ಕೋವಿಯಿಂದ ಹಾರಿಸಿದರೆ ಸುಮಾರು 39 ಜೂಲ್. ತೂಕದಲ್ಲಿ ಐದನೆಯ ಒಂದು ಪಾಲು ಉಳಿಸಿದವನು ಒದೆತದಲ್ಲಿ ಕಾಲುಪಾಲು ಹೆಚ್ಚು ತಿನ್ನುತ್ತಾನೆ. ಭುಜಕ್ಕೆ ಒತ್ತಿ ಹಿಡಿದಾಗ ಕೋವಿಯ ಜೊತೆ ನಮ್ಮ ಮೈಯ ತೂಕವೂ ಸೇರಿ ಎರಡೂ ಒಟ್ಟಿಗೆ ಹಿಂದಕ್ಕೆ ಸರಿಯುತ್ತವೆ. ಸಡಿಲವಾಗಿ ಹಿಡಿದರೆ ಕೋವಿ ಒಂಟಿಯಾಗಿ ವೇಗ ಪಡೆದು ಬಂದು ಬಡಿಯುತ್ತದೆ. ಇಂಗ್ಲೆಂಡಿನ ಕೋವಿ ತಯಾರಕ ಡಬ್ಲ್ಯು. ಡಬ್ಲ್ಯು. ಗ್ರೀನರನ ಹೆಸರಿನಲ್ಲಿ ಹಳೆಯ ಲೆಕ್ಕವೊಂದಿದೆ: ಕೋವಿಯ ತೂಕ ಅದು ಹಾರಿಸುವ ಚರೆಯ ತೂಕದ 96 ಪಟ್ಟು ಇರಬೇಕು. 32 ಗ್ರಾಂ ಚರೆಗೆ ಅದು ಮೂರು ಕಿಲೋಗೆ ತುಸು ಹೆಚ್ಚಾಗುತ್ತದೆ. ಘಟ್ಟದ ಮೇಲಿನ ನಮ್ಮ ತಕ್ಕಡಿಯೂ ಹೆಚ್ಚುಕಡಿಮೆ ಅಷ್ಟನ್ನೇ ತೋರಿಸಿತ್ತು.

ಬೋರ್ ಎಂಬ ಮಾತೂ ಮೂಲದಲ್ಲಿ ತೂಕದ ಮಾತೇ. ಒಂದು ಪೌಂಡ್ ಸೀಸದಲ್ಲಿ ಸಮನಾದ ಹನ್ನೆರಡು ಗುಂಡುಗಳನ್ನು ಮಾಡಿದರೆ ಒಂದೊಂದೂ ಎಷ್ಟು ದಪ್ಪವಿರುತ್ತದೆಯೋ ಅಷ್ಟು ಅಗಲದ ನಳಿಗೆ 12 ಬೋರ್. ಅದು ಸುಮಾರು 18.5 ಮಿಲಿಮೀಟರ್. ಗುಂಡುಗಳ ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದಾಗುತ್ತದೆ. 16 ಬೋರ್, 20 ಬೋರ್ ಕೋವಿಗಳು ಅದಕ್ಕೇ ಸಣ್ಣವು.

ಹಿಂದಿನಿಂದ ತೋಟೆ ಹಾಕುವ ಜೋಡುನಳಿಗೆಯ ಕೋವಿ ಬಂದ ಮೇಲೆ ಬೇಟೆಗಾರನಿಗೆ ಎರಡು ಈಡು ದಕ್ಕಿದವು. ಅದರ ಭಾರ ಎರಡು ಕೈಗಳ ನಡುವೆ, ನಳಿಗೆ ಮಡಚುವ ಜಾಗದಲ್ಲಿ ನಿಲ್ಲುತ್ತದೆ. ಆದ್ದರಿಂದ ಎತ್ತಿದ ಕೂಡಲೇ ಅದು ಕಣ್ಣಿನ ಜೊತೆ ತಿರುಗುತ್ತದೆ. ಪಂಪ್ ಕೋವಿಯ ಹುಟ್ಟು ಅಮೆರಿಕದ್ದು. 1882ರಲ್ಲಿ ಸ್ಪೆನ್ಸರ್ ಕೋವಿ ಬಂತು. ಜಾನ್ ಬ್ರೌನಿಂಗ್ ವಿಂಚೆಸ್ಟರ್ ಕಂಪನಿಗಾಗಿ 1893ರಲ್ಲಿ ಒಂದನ್ನೂ, ಅದನ್ನು ತಿದ್ದಿ 1897ರಲ್ಲಿ ಇನ್ನೊಂದನ್ನೂ ರೂಪಿಸಿದನು. ಆ 1897ರ ಮಾದರಿ 1957ರವರೆಗೂ ತಯಾರಾಯಿತು. 1950ರಲ್ಲಿ ಬಂದ ರೆಮಿಂಗ್ಟನ್ 870 ಒಂದು ಕೋಟಿ ಸಂಖ್ಯೆಯನ್ನು ದಾಟಿತು.

ಇದರ ಕೆಲಸ ಸರಳ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟೆಗಳು ಸಾಲಾಗಿ ಕುಳಿತಿರುತ್ತವೆ. ಎಡಗೈಯ ಹಿಡಿಯನ್ನು ಹಿಂದಕ್ಕೆಳೆದರೆ ಖಾಲಿ ತೋಟೆ ಹೊರಕ್ಕೆ, ಮುಂದಕ್ಕೆ ತಳ್ಳಿದರೆ ಹೊಸ ತೋಟೆ ಒಳಕ್ಕೆ. ಅರೆಮನಸ್ಸಿನಿಂದ ಎಳೆದರೆ ತೋಟೆ ನಡುವೆ ಸಿಕ್ಕಿಕೊಳ್ಳುತ್ತದೆ. ಕೊಳವೆ ತುಂಬಿದಾಗ ಭಾರ ಮುಂದಕ್ಕೆ ವಾಲಿ, ಒಂದೊಂದು ಈಡಿಗೂ ತುಸು ಹಿಂದಕ್ಕೆ ಸರಿಯುತ್ತದೆ. ಮುಂದಿನ ಭಾರ ಹಾರುವ ಹಕ್ಕಿಯ ಹಿಂದೆ ನಳಿಗೆ ಒಂದೇ ಸಮನೆ ಸಾಗಲು ನೆರವಾಗುತ್ತದೆ. ಆದರೆ ಕಾದು ನಿಂತವನ ಎಡಗೈಯನ್ನು ಬೇಗ ದಣಿಸುತ್ತದೆ. ತಾನಾಗಿಯೇ ತೋಟೆ ತುಂಬಿಕೊಳ್ಳುವ ಕೋವಿಗಳಲ್ಲಿ ಒದೆತದ ಪೆಟ್ಟು ಯಂತ್ರದಲ್ಲಿ ಹಾಯುವಾಗ ಕೊಂಚ ಮೆತ್ತಗಾಗುತ್ತದೆ. ಪಂಪ್ ಕೋವಿಯಲ್ಲಿ ಅಷ್ಟೂ ನೇರವಾಗಿ ಭುಜಕ್ಕೇ ಬರುತ್ತದೆ. ಹೀಗೆ ತೂಕವೂ ಕಡಿಮೆಯಾಗಲಿಲ್ಲ, ಒದೆತವೂ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ಒಂದು ಈಡಿಗೂ ಇನ್ನೊಂದು ಈಡಿಗೂ ನಡುವಿನ ಹೊತ್ತು.

ಆ ಹೊತ್ತಿನ ಬೆಲೆ ಅಮೆರಿಕಕ್ಕೆ ತಿಳಿಯಲು ಬಹಳ ವರ್ಷ ಬೇಕಾಗಲಿಲ್ಲ. ಕೆರೆಗಳಿಗೆ ಇಳಿಯುವ ಬಾತುಗಳ ಹಿಂಡು ಕರಗುತ್ತಿದ್ದುದನ್ನು ಕಂಡು ಅಲ್ಲಿನ ಸರಕಾರ 1935ರಲ್ಲಿ ಒಂದು ನಿಯಮ ತಂದಿತು: ವಲಸೆ ಹಕ್ಕಿಗಳ ಬೇಟೆಯಲ್ಲಿ ಕೋವಿಯೊಳಗೆ ಮೂರಕ್ಕಿಂತ ಹೆಚ್ಚು ತೋಟೆ ಹಿಡಿಯಬಾರದು. ಕೊಳವೆಯೊಳಗೆ ಮರದ ಕೋಲೊಂದನ್ನು ತೂರಿಸಿ ಜಾಗ ಕಡಿಮೆ ಮಾಡುವುದು ಅದಕ್ಕೆ ಉಪಾಯ. ಆ ನಿಯಮ ಇಂದಿಗೂ ಇದೆ. ಇದನ್ನು ಓದಿದಾಗ ನಮಗೆ ಅಜ್ಜನ ಸಲಾಕೆ ನೆನಪಾಯಿತು. ಕೇಪಿನ ಕೋವಿಯಲ್ಲಿ ಯಾರೂ ಹೇಳದೆಯೇ ಇದ್ದ ಮಿತಿಯನ್ನು ಪಂಪ್ ಕೋವಿಯಲ್ಲಿ ಕಾನೂನು ಮರದ ಕೋಲಿನ ರೂಪದಲ್ಲಿ ಮರಳಿ ಒಳಗೆ ಕೂರಿಸಬೇಕಾಯಿತು.

ನಮ್ಮ ನಾಡಿನಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' ಓದಿದವರಿಗೆ ಮಲೆನಾಡಿನ ಮನೆಯಲ್ಲಿ ಕೋವಿಗೆ ಇದ್ದ ಜಾಗ ಗೊತ್ತು. ತೇಜಸ್ವಿಯವರ ಮೂಲಕ ಕನ್ನಡಕ್ಕೆ ಬಂದ ಕೆನೆತ್ ಆ್ಯಂಡರ್ಸನ್ ಬಳಸುತ್ತಿದ್ದುದು ಸನ್ನೆ ಎಳೆದು ತೋಟೆ ಬದಲಿಸುವ .405 ವಿಂಚೆಸ್ಟರ್ ರೈಫಲ್. ಅದೂ ಬ್ರೌನಿಂಗನದೇ ರಚನೆ. ಅಂಥ ಬಂದೂಕು ಬೆಂಗಳೂರಿನಂಥ ಊರಿನಿಂದ ಕಾಡಿಗೆ ಹೋಗುವವರದಾಗಿತ್ತು. ಕಾಡಂಚಿನ ರೈತನ ಕೈಯಲ್ಲಿ ಕೇಪಿನ ಕೋವಿಯೇ ಉಳಿಯಿತು. ಇದಕ್ಕೆ ಬಡತನವೊಂದೇ ಕಾರಣವಲ್ಲ, ಕಾನೂನೂ ಕಾರಣ. 1878ರ ಆಯುಧ ಕಾಯಿದೆ ಲೈಸೆನ್ಸಿಲ್ಲದೆ ಕೋವಿ ಇಡದಂತೆ ಮಾಡಿತು. ಕೊಡವರಿಗೆ 1861ರಲ್ಲೇ ದೊರೆತ ವಿನಾಯಿತಿ ಮಾತ್ರ ಮುಂದುವರಿದು ಬಂತು. 2019ರಲ್ಲಿ ಕೇಂದ್ರ ಸರಕಾರ ಅದನ್ನು ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು. ಉಳಿದವರಿಗೆ ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆ. ಅದರ 13ನೆಯ ಕಲಮಿನಲ್ಲಿ ಬೆಳೆರಕ್ಷಣೆಗೆ ಎಂದು ಹೆಸರಿಸಿರುವುದೇ ಬಾಯಿಯಿಂದ ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಕೋವಿ. ತಮ್ಮನ ಮಗ ಹೋಗಬಯಸುವುದು ಈ ಕಿರುಬಾಗಿಲಿನಿಂದಲೇ.

ಇನ್ನೊಂದು ಕಡೆ ಬೇಟೆಯೇ ಮುಗಿಯುತ್ತ ಬಂದಿತ್ತು. 1956ರವರೆಗೆ ನಮ್ಮ ಜಿಲ್ಲೆ ಮುಂಬೈಗೆ ಸೇರಿತ್ತೆಂಬುದು ಇಲ್ಲಿನ ಕನ್ನಡಿಗರಿಗೆ ಹೊಸತಲ್ಲ. ಕಾರವಾರ, ಶಿರಸಿಗಳ ಕಾಡಿನ ಕಾನೂನು ಈ ಊರಿನಲ್ಲೇ ಆಗುತ್ತಿತ್ತು. 1951ರಲ್ಲಿ ಮುಂಬೈ ಶಾಸನಸಭೆ ಕಾಡುಪ್ರಾಣಿ ಮತ್ತು ಕಾಡುಹಕ್ಕಿಗಳ ರಕ್ಷಣೆಗೆ ಕಾಯಿದೆ ಮಾಡಿತು. 1972ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಅದು ಮೊದಲಿಗೆ ಕೆಲವು ಬೇಟೆಗಳಿಗೆ ಲೈಸೆನ್ಸು ಉಳಿಸಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆಯಿತು. ಅಜ್ಜ ಕೊನೆಯ ಹಂದಿಯನ್ನು ಹೊಡೆದದ್ದು 1972ಕ್ಕೂ ಮೊದಲು. ಆಮೇಲೆ ಆ ಕೋವಿ ಮಂಗ ಓಡಿಸಲು ಸದ್ದು ಮಾಡುತ್ತಿತ್ತು, ಅಷ್ಟೆ. ಚುನಾವಣೆ ಬಂದಾಗಲೆಲ್ಲ ಅಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಠಾಣೆಗೆ ಒಯ್ದು ಒಪ್ಪಿಸಿ, ಮುಗಿದ ಮೇಲೆ ಬಿಡಿಸಿ ತರುತ್ತಿದ್ದರು. ಹಾರಿಸಿದ್ದಕ್ಕಿಂತ ಹೊತ್ತದ್ದೇ ಹೆಚ್ಚು. ಅದೇ ಕಾಲದಲ್ಲಿ ಬಾತು ಹೊಡೆಯಲೆಂದು ಹುಟ್ಟಿದ ಪಂಪ್ ಕೋವಿ ಇಲ್ಲಿ ನೆಲೆ ಹುಡುಕಿಕೊಂಡದ್ದು ಬ್ಯಾಂಕಿನ ಬಾಗಿಲಲ್ಲಿ, ಹಣದ ವ್ಯಾನಿನಲ್ಲಿ. ನಮ್ಮ ಕಾವಲುಗಾರನ ಕೈಗೆ ಅದು ಬಂದ ದಾರಿ ಇದು.

ಇಷ್ಟನ್ನು ತಿಳಿದುಕೊಂಡು ತಮ್ಮನ ಮಗನಿಗೆ ಫೋನು ಮಾಡಿದೆವು. ಅನುಮತಿಯಿಲ್ಲದೆ ಹಂದಿಯನ್ನು ಹೊಡೆಯುವಂತಿಲ್ಲ. ಮಂಗ ಓಡಿಸಲು ಒಂದು ಸದ್ದು ಸಾಕು. ಎರಡನೆಯ, ಮೂರನೆಯ, ಐದನೆಯ ಈಡು ಯಾವ ಕೆಲಸಕ್ಕೆ? ಹೊಸ ಕೋವಿ ಹಳೆಯದಕ್ಕಿಂತ ಹಗುರವೂ ಅಲ್ಲ. ತುಂಬುವ ತಡದಲ್ಲಿ ಯೋಚಿಸಲು ಸಿಗುತ್ತಿದ್ದ ವ್ಯವಧಾನ ಅದರಲ್ಲಿಲ್ಲ ಎಂದೆವು. ಅವನು ಪೂರ್ತಿ ಕೇಳಿಸಿಕೊಂಡನು. ಆಮೇಲೆ ಹೇಳಿದನು: "ದೊಡ್ಡಪ್ಪ, ನೀವು ಹೇಳಿದ್ದು ಖರೆ. ಆದ್ರೆ ರಾತ್ರಿ ಗದ್ದೆಗೆ ಹೋಗೋದು ನಾನು. ಹೋದ ವರ್ಷ ಮಳೇಲಿ ಎರಡು ಸಲ ಕೇಪು ಹೊತ್ತಲಿಲ್ಲ. ಹಂದಿ ಎದುರಿಗೇ ಇತ್ತು. ಅಂಧೇರಿಯಲ್ಲಿ ಕೂತು ತೂಕ ಹೇಳೋದು ಸುಲಭ."

ಅವನ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆರೆಯ ಅಂಚಿನಲ್ಲಿ ಚಿರತೆ ಬಂದರೆ ನಾವು ಅರಣ್ಯ ಇಲಾಖೆಗೆ ಫೋನು ಮಾಡಿ ಬಾಗಿಲು ಹಾಕಿಕೊಳ್ಳುವವರು. ನಮ್ಮ ಊಟದ ಅಕ್ಕಿ ಹಂದಿ ತುಳಿಯದೆ ಬಿಟ್ಟ ಯಾರದೋ ಗದ್ದೆಯದು. ಕೋವಿಯ ಚರಿತ್ರೆ ಓದುವವನಿಗೆ ಒದೆತ ಒಂದು ಅಂಕಿ; ಕತ್ತಲಲ್ಲಿ ಗದ್ದೆಯಂಚಿಗೆ ನಿಂತವನಿಗೆ ಈಡು ಹೊತ್ತದಿರುವುದೇ ದೊಡ್ಡ ಭಯ. ಹಾಗಾದರೆ ಒಂಟಿನಳಿಗೆಯ ತೋಟೆ ಕೋವಿಗೆ ಅರ್ಜಿ ಹಾಕು, ಮಳೆಯಲ್ಲಿ ನಂಬಬಹುದು, ಈಡು ಒಂದೇ ಇರುತ್ತದೆ ಎಂದು ಸೂಚಿಸಿದೆವು. ನೋಡುತ್ತೇನೆ ಎಂದನು. ಅವನು ಯಾವುದಕ್ಕೆ ಅರ್ಜಿ ಹಾಕುವನೋ ಅದು ಅವನ ತೀರ್ಮಾನ.

ಸಹಿ ಮಾಡಿದ ಕಾಗದವನ್ನು ಮರುದಿನ ಅಂಧೇರಿಯ ಅಂಚೆಕಚೇರಿಯಿಂದ ರಿಜಿಸ್ಟರ್ ಮಾಡಿ ಕಳಿಸಿದೆವು. ಅಜ್ಜನ ಕೋವಿಯನ್ನು ಒಪ್ಪಿಸುವ ದಿನ ಬಂದರೆ ಮುಂಚೆ ತಿಳಿಸಬೇಕೆಂದು ಅದರ ಜೊತೆ ಒಂದು ಸಾಲು ಬರೆದೆವು. ಈ ಸಲ ಠಾಣೆಯವರೆಗೆ ಅದನ್ನು ನಾವು ಹೊರಬೇಕೆಂದಿದ್ದೇವೆ.